ಜಮಖಂಡಿ ಮಾತಿನ ಮೊದಲ ರ‍್ಯಾಪ್ ಆಲ್ಬಂ: ಬೀಟ್ ಭಾರಿ ಅಂತಾರ, ಮಾತು ತಿಳಿವಲ್ದು ಅಂತಾರ

ಕೃಷ್ಣಾತೀರ (ಪ್ರಶ್ನೆ)

ನಮಸ್ಕಾರ್ರೀ ಎಲ್ಲಾರಿಗೂ. ಜಮಖಂಡಿ ಹುಡುಗನ ಮೊದಲನೇ ಹಿಪ್‌ಹಾಪ್ ಆಲ್ಬಂ ಮಿಕ್ಸಿಂಗಿಗೆ ಬಂದು ನಿಂತೈತಿ. 12 ಹಾಡು, 47 ನಿಮಿಷ, ಎಲ್ಲಾ ನಮ್ಮ ಆಡುಮಾತಿನಾಗ. ಎರಡು ಹಾಡು ಸಿಂಗಲ್ ಅಂತ ಮೊದಲ ಬಿಟ್ಟಾಗ ಬಂದ ಕಮೆಂಟಿನಾಗ ಹೆಚ್ಚಿನವು ಒಂದ ಮಾತು: ಬೀಟ್ ಭಾರಿ ಐತಿ, ಆದ್ರ ಏನ್ ಹೇಳಾಕತ್ತಾನ ತಿಳಿವಲ್ದು. ಮೈಸೂರು ಕಡ್ಯಾವ್ರು ಹಂಗ ಅಂದಿದ್ರ ಭಾಷಿ ಹೊಸಾದು ಅಂತ ತಿಳಕೋಬಹುದಿತ್ತು. ಮುಧೋಳ, ರಬಕವಿ ಮಂದೀನೂ ಅದನ್ನ ಅಂದಾರ.

ಸೆಟಪ್ ಹಿಂಗೈತಿ: 10×12 ಅಡಿ ಖೋಲಿ, ಸಿಮೆಂಟ್ ಗ್ವಾಡಿ, ಕಂಡೆನ್ಸರ್ ಮೈಕ್, 24 ಬಿಟ್ 48 ಕಿಲೋಹರ್ಟ್ಸ್. ಬೀಟ್ 88ರಿಂದ 95 ಬಿಪಿಎಂ (ನಿಮಿಷಕ್ಕ ಬೀಳೋ ತಾಳದ ಏಟು). ನಾಲ್ಕು ಬೀಟ್ (ಹಾಡಿನ ಹಿಂದಿನ ಸಂಗೀತ) ಬ್ಯಾರೆಯವ್ರ ಕಡಿಂದ ಲೀಸ್ ಮೇಲೆ ತಗೊಂಡಿದ್ದು, ಬರೇ ಸ್ಟೀರಿಯೋ ಫೈಲ್ ಐತಿ, ಟ್ರ್ಯಾಕ್ ಬ್ಯಾರೆ ಬ್ಯಾರೆ ಸಿಕ್ಕಿಲ್ಲ. ಉಳಿದದ್ದು ನಮ್ದ, ಅದರಾಗ ಹಲಗಿ ಲೈವ್ ಬಾರಿಸಿದ್ದು. ಮಾಸ್ಟರ್ (ಬಿಡಾಕ ತಯಾರಾದ ಕಡೀ ಫೈಲ್) ಸುಮಾರು -8 ಲಫ್ಸ್ (ಹಾಡಿನ ಒಟ್ಟು ಜೋರಿನ ಅಳತಿ, ಸೊನ್ನಿ ಹತ್ತಿರ ಬಂದಷ್ಟು ಜೋರು).

ಇನ್ನೆರಡು ಪ್ರಶ್ನೆ. ಒಂದು ಹಾಡಿನಾಗ 1985ರ ಗೀಗೀ ಪದದ ಕ್ಯಾಸೆಟ್ಟಿಂದ 8 ಸೆಕೆಂಡ್ ತಗೊಂಡೀವಿ, ನಡೀತೈತೇನು? 12 ಹಾಡೂ ಒಮ್ಮಿಗೇ ಬಿಡೋದು ಚಲೋನೋ, ಒಂದೊಂದ ಬಿಡೋದು ಚಲೋನೋ?

ಟಿಳಕವಾಡಿ ಫೇಡರ್

ಮೊದಲು ಖೋಲಿ ಸರಿ ಮಾಡ್ರಿ, ಪ್ಲಗಿನ್ (ದನಿ ತಿದ್ದೋ ಸಾಫ್ಟ್‌ವೇರ್) ಆಮೇಲೆ. ಕನ್ನಡದಾಗ ಒತ್ತಕ್ಷರ ಅಂದ್ರ ನಡುವ ಒಂದು ಸಣ್ಣ ಮೌನ. "ಕತಿ" ಮತ್ತು "ಕತ್ತಿ" ನಡುವಿನ ಫರಕು ಅಷ್ಟ. ಒಂದು ಕಥೆ, ಇನ್ನೊಂದು ಕತ್ತೆ. ಸಿಮೆಂಟ್ ಗ್ವಾಡಿಯ ಮಾರ್ದನಿ ಆ ಮೌನದಾಗ ಹೊಕ್ಕು ಕುಂತರ ಎರಡೂ ಒಂದ ಆಗಿಬಿಡ್ತಾವ. ಆಮೇಲೆ ಯಾವ ಈಕ್ಯೂ (ಬಾಸ್, ಮ್ಯಾಲಿನ ಸ್ವರ ಏರಿಸಿ ಇಳಿಸೋ ಸಾಧನ) ಹಾಕಿದ್ರೂ ಆ ಮೌನ ತಿರುಗಿ ಬರಂಗಿಲ್ಲ.

ಮೂರು ದಪ್ಪ ಕೌದಿ ತರ್ರಿ. ಮೈಕಿನ ಹಿಂದ ಅಲ್ಲ, ಹಾಡಾವನ ಬೆನ್ನಿನ ಹಿಂದ ಮತ್ತು ಎರಡೂ ಬಾಜೂಕ ಇಳಿಬಿಡ್ರಿ. ಕಾರ್ಡಿಯಾಯ್ಡ್ ಮೈಕ್ ತನ್ನ ಬೆನ್ನಿನ ಕಡಿ ಕಡಿಮಿ ಕೇಳ್ತೈತಿ. ಮುಂದ ಇರೋ ಹಾಡುಗಾರನನ್ನೂ, ಅವನ ಹಿಂದಿನ ಗ್ವಾಡೀನೂ ಪೂರಾ ಕೇಳ್ತೈತಿ. ಕೌದಿ ಗ್ವಾಡಿಗೆ ಅಂಟಿಸಬ್ಯಾಡ್ರಿ, 4 ಇಂಚು ಬಿಡ್ರಿ. ಕೌದಿ ತಡಿಯೋದು ಮ್ಯಾಲಿನ ಸ್ವರ ಅಷ್ಟ. ಮೂಲಿಯಾಗ ಗುಂಯ್ ಅನ್ನೋ ಬಾಸಿಗೆ ಒಂದೊಂದು ಗಾದಿ ನಿಲ್ಲಸ್ರಿ. ಬಾಯಿಂದ ಮೈಕಿಗೆ 6ರಿಂದ 8 ಇಂಚು, ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡಿಯೋ ಜಾಳಿಗಿ) ನಡುವ, ಪೀಕ್ (ದನಿ ಏರೋ ತುತ್ತತುದಿ) -10 ಡಿಬಿ ದಾಟಬಾರದು. ಫ್ಯಾನ್ ಬಂದ್. ಬ್ಯಾಸಗಿಯಾಗ ಇದು ಕಷ್ಟಾನ, ಹಿಂಗಾಗಿ ರಾತ್ರಿ 11ರ ಮ್ಯಾಲೆ ಕುಂದರ್ರಿ.

ಮಿಕ್ಸಿನಾಗ: ದನಿಗೆ 90 ಹರ್ಟ್ಸ್ ಕೆಳಗ ಕಟ್, 300ರ ಸುತ್ತ 2ರಿಂದ 3 ಡಿಬಿ ಇಳಿಸ್ರಿ. ಕಂಪ್ರೆಸರ್ (ಜೋರು ದನಿ ತಗ್ಗಿಸೋ ಸಾಧನ) 4:1, ಅಟ್ಯಾಕ್ (ಹಿಡಿಯಾಕ ತಗೊಳೋ ಹೊತ್ತು) 10ರಿಂದ 15 ಮಿಲಿಸೆಕೆಂಡ್, ರಿಲೀಸ್ (ಬಿಡಾಕ ತಗೊಳೋ ಹೊತ್ತು) 60ರಿಂದ 100, ಇಳಿತ 4-5 ಡಿಬಿ. ರಿಲೀಸ್ 30ಕ್ಕಿಂತ ಕಡಿಮಿ ಇಟ್ರ ಆ ಒತ್ತಕ್ಷರದ ಮೌನದಾಗ ಉಸಿರು, ಖೋಲಿ ಸಪ್ಪಳ ಎಲ್ಲಾ ಮ್ಯಾಲೆ ಎದ್ದು ಬರ್ತೈತಿ. 2ರಿಂದ 3 ಕಿಲೋಹರ್ಟ್ಸ್ ನಡುವ ಕೈ ಹಚ್ಚಬ್ಯಾಡ್ರಿ. "ಹಳ್ಳಿ" ಮತ್ತು "ಹಲ್ಲಿ" ಬ್ಯಾರೆ ಅಂತ ಕಿವಿಗೆ ತಿಳಿಯೋದು ಬಹಳ ಮಟ್ಟಿಗೆ ಅಲ್ಲಿಂದ. ಚುಚ್ಚತೈತಿ ಅನಿಸಿದ್ರ 5ರಿಂದ 8ರ ನಡುವ ಡಿ-ಎಸ್ಸರ್ (ಸ, ಶ ಸಪ್ಪಳ ಇಳಿಸೋ ಸಾಧನ) ಹಾಕ್ರಿ, ಸಾಕು.

ಹಲಗಿ ನಿಮ್ಮ ಆಲ್ಬಮ್ಮಿನ ಆಸ್ತಿ, ಆದ್ರ ಮಾತಿನ ವೈರೀನೂ ಅದ. ಅದರ ಟಕ್ ಅನ್ನೋ ಏಟು ವ್ಯಂಜನ ಇರೋ ಜಾಗಾದಾಗನ ಬೀಳ್ತೈತಿ. ಹಲಗಿ ಟ್ರ್ಯಾಕಿಗೆ ಡೈನಮಿಕ್ ಈಕ್ಯೂ ಹಾಕಿ, ದನಿಯಿಂದ ಸೈಡ್‌ಚೈನ್ ಕೊಡ್ರಿ: ದನಿ ಬಂದಾಗ 2ರಿಂದ 4 ಕಿಲೋಹರ್ಟ್ಸ್ 3 ಡಿಬಿ ಕುಗ್ಗಲಿ. ಲೀಸ್ ಬೀಟಿನ ಸ್ಟೀರಿಯೋ ಫೈಲಿಗೂ ಇದ ಉಪಾಯ, ಆದ್ರ ನಡುವಿನ ಮಿಡ್ ಚಾನೆಲಿಗೆ (ಎಡಕ್ಕ ಬಲಕ್ಕ ಎರಡೂ ಕಡಿ ಒಂದ ಇರೋ ಭಾಗಕ್ಕ) ಮಾತ್ರ, 2 ಡಿಬಿ. ಇನ್ನೂ ಚಲೋ ಅಂದ್ರ ಪದ್ಯದಾಗ ಹಲಗಿ ಪೂರಾ ತಗದು ಪಲ್ಲವಿ ಅನ್ನೋ ಹುಕ್‌ನಾಗ ತರ್ರಿ. ಬಾಗಲಕೋಟಿ ಹೋಳಿಯಾಗ ಹಲಗಿ ಕೇಳಿದ ಮಂದಿಗೆ ಅದು ತಿರುಗಿ ಬರೋ ಕ್ಷಣ ಎಂಥಾದ್ದು ಅಂತ ಹೇಳಬೇಕಾಗಿಲ್ಲ.

-8 ಲಫ್ಸ್ ಬ್ಯಾಡ. ಸ್ಪಾಟಿಫೈ ಅದನ್ನ ತನ್ನ -14ಕ್ಕ ಇಳಿಸ್ತೈತಿ. ಜೋರು ಹೋತು, ಜಜ್ಜಿದ ಏಟು ಮಾತ್ರ ಜಜ್ಜಿದಂಗ ಉಳೀತು. -11ರ ಸುತ್ತ ನಿಲ್ಲಸ್ರಿ, ಟ್ರೂ ಪೀಕ್ (ಸಪ್ಪಳದ ಖರೇ ತುತ್ತತುದಿ) -2 ಡಿಬಿ ಇರಲಿ.

ಲಾವಣಿ ಲೆಕ್ಕ

ಫೇಡರ್ ಅಣ್ಣಾರು ಹೇಳಿದ್ದೆಲ್ಲಾ ಖರೆ. ಆದ್ರ ನನ್ನ ಲೆಕ್ಕದಾಗ ಅರ್ಧಾ ರೋಗ ಬರಹದಾಗ ಐತಿ, ಮಿಕ್ಸಿನಾಗ ಅಲ್ಲ.

90 ಬಿಪಿಎಂ ಹಿಡೀರಿ. ಒಂದು ಬಾರ್ (ನಾಲ್ಕು ಏಟಿನ ಒಂದು ಸುತ್ತು) ಅಂದ್ರ 16 ಮನಿ (ಅಕ್ಷರ ಕುಂದ್ರೋ ಸಣ್ಣ ಜಾಗಾ), ಸೆಕೆಂಡಿಗೆ 6 ಮನಿ. ಲಘು ಒಂದು ಮನಿ, ಗುರು ಎರಡು. 16 ಬಾರಿನ ಪದ್ಯ ಮುಗಿಯಾಕ ಸುಮಾರು 43 ಸೆಕೆಂಡ್. 16ಕ್ಕ 16 ಮನೀನೂ ತುಂಬಿ ಬರದ್ರ ಉಸಿರು ತಗೋಳಾಕ ಜಾಗಾ ಎಲ್ಲೈತಿ? ಹಾಡಾವ ಸಾಲಿನ ಕಡೀ ಅಕ್ಷರ ನುಂಗ್ತಾನ. ಕನ್ನಡದಾಗ ಕಡೀಗೆ ಬರೋದು ಕ್ರಿಯಾಪದ. ಬಂದನೋ, ಹೋದನೋ, ಬಂದ ಇಲ್ಲೋ ಅನ್ನೋದೆಲ್ಲಾ ಅಲ್ಲೇ ಇರ್ತೈತಿ. ಅದನ್ನ ನುಂಗಿದ ಮ್ಯಾಲೆ ಮುಧೋಳದಾಂವಗ ತಿಳಿಯೋದಾದ್ರೂ ಹೆಂಗ?

ಭಾಮಿನಿ ಷಟ್ಪದಿಯ ಸಣ್ಣ ಸಾಲು ನೋಡ್ರಿ: 3+4, 3+4, ಒಟ್ಟು 14 ಮಾತ್ರಿ. 16 ಮನಿಯಾಗ 14 ಮಾತು, 2 ಉಸಿರು. ಅದರ ಗಣ ಶುರು ಆಗೋದು 1, 4, 8, 11ನೇ ಮನಿಯಾಗ. ಬೀಟ್ ಬೀಳೋದು 1, 5, 9, 13ರಾಗ. 4 ಮತ್ತು 8 ಬೀಟಿಗಿಂತ ಒಂದ ಮನಿ ಮೊದಲು. ರ‍್ಯಾಪಿನಾಗ ಬೇಕಾಗೋ ಎಳೆತ ತಾನಾಗಿ ಬಂತು. ಆಲ್ಬಮ್ಮಿನ ಎಲ್ಲಾ ಹಾಡೂ ಹಿಂಗ ಬರೀರಿ ಅಂತಲ್ಲ, ಮಾತು ತಿಳಿಯದ ಸಾಲಿಗೆ ಮೊದಲು ಇದನ್ನ ಹಚ್ಚಿ ನೋಡ್ರಿ.

ನಮ್ಮ ಆಡುಮಾತು ಇಲ್ಲಿ ಕೈ ಹಿಡೀತೈತಿ. "ಹೋಗುತ್ತಾನೆ" 7 ಮಾತ್ರಿ, "ಹೊಕ್ಕಾನ" 5. "ಮಾಡುತ್ತಾನೆ" 7, "ಮಾಡ್ತಾನ" 5. ಆದ್ರ "ಮಾಡುತ್ತಿದ್ದೇನೆ" 9, "ಮಾಡಾಕತ್ತೀನಿ" ಅದೂ 9. ಆಡುಮಾತಂದ್ರ ಯಾವಾಗ್ಲೂ ಗಿಡ್ಡ ಅಂತ ತಿಳದು ಬರದ್ರ ಇಂಥಲ್ಲೇ ಎಡವೋದು.

ಇನ್ನ ಪ್ರಾಸ. ಎಲ್ಲಾ ಸಾಲಿಗೂ ಬಂದಾನ, ಹೋಗ್ಯಾನ, ನಿಂತಾನ ಅಂತ ಮುಗಿಸಿದ್ರ ಅದು ಪ್ರಾಸ ಅನಿಸಂಗಿಲ್ಲ, ವ್ಯಾಕರಣ ಅನಿಸ್ತೈತಿ. ಹಾಡೆಲ್ಲಾ ಒಂದ ನಮೂನಿ ಕೇಳಾಕ ದೊಡ್ಡ ಕಾರಣ ಇದು. ಪ್ರಾಸಾನ ಸಾಲಿನ ತಲೀಗೆ ತರ್ರಿ, ಎರಡನೇ ಅಕ್ಷರದಾಗ, ಆದಿಪ್ರಾಸ ಅಂತಾರಲ್ಲ ಹಂಗ:

ಬಿಸಲಾಗ ನಿಂತು ಕಬ್ಬ ಕಡದವ
ಹಸರ ನೋಟಿಗಿ ಕೈ ಒಡ್ಡಲಿಲ್ಲ
ಹೆಸರ ಹಿಡದ್ರ ಗಾಣ ತಿರಗತೈತಿ

ಮೂರೂ ಕಡಿ ಕೊನಿ ಬ್ಯಾರೆ, ಆದ್ರೂ ಕಿವಿಗೆ ಕೊಂಡಿ ಬೀಳ್ತೈತಿ.

ಇನ್ನೊಂದು. ಇಬ್ಬರು ವಾದ ಹಾಕೋ ಹಾಡು ಇದ್ರ ನಮ್ಮ ಗೀಗೀ ಮೇಳದ ಹರದೇಶಿ-ನಾಗೇಶಿ ವಾದ ಕುಂತು ಕೇಳ್ರಿ. ಒಬ್ಬರು ಗಂಡು ಹೆಚ್ಚು ಅಂತಾರ, ಇನ್ನೊಬ್ಬರು ಹೆಣ್ಣು ಹೆಚ್ಚು ಅಂತಾರ. ಎದುರಿನವರ ಮಾತಿನ ಎಳಿ ಹಿಡದ ಉತ್ತರ ಕಟ್ಟಬೇಕು. ರ‍್ಯಾಪ್ ಬ್ಯಾಟಲ್ ಅನ್ನೋದು ನಮ್ಮ ಮಂದಿಗೆ ಹೊಸಾದೇನಲ್ರಿ.

ಕೃಷ್ಣಾತೀರ

ಉಸಿರಿನ ಮಾತು ತಪ್ಪಿಲ್ರೀ. ಕಮೆಂಟಿನಾಗ ಮಂದಿ ಕೇಳಿದ ಸಾಲು ತಗದು ಎಣಿಸಿದ್ರ ಎಲ್ಲಾ 16ಕ್ಕ 16 ತುಂಬಿದ್ದ ಅದಾವ. ಕ್ಯಾಸೆಟ್ಟಿಂದು ಯಾರರ ಹೇಳ್ರಿ. 10 ಸೆಕೆಂಡ್ ಒಳಗಿದ್ರ ನಡೀತೈತಿ ಅಂತ ಭಾಳ ಮಂದಿ ಅಂತಾರ.

ಹಕ್ಕುಪತ್ರ

ಅಂಥ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. 8 ಸೆಕೆಂಡ್ ಇರಲಿ, 2 ಸೆಕೆಂಡ್ ಇರಲಿ, ಅನುಮತಿ ಪಡೆಯುವುದೇ ಸುರಕ್ಷಿತ. ಅದೂ ಎರಡು ಅನುಮತಿ: ಧ್ವನಿಮುದ್ರಣದ ಒಡೆಯರದ್ದು ಒಂದು, ಪದ ಮತ್ತು ಧಾಟಿ ಕಟ್ಟಿದವರದ್ದು ಇನ್ನೊಂದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ. 1985ರಲ್ಲಿ ಬಂದ ಕ್ಯಾಸೆಟ್ ಎಂದರೆ 2045ರ ಕೊನೆಯವರೆಗೆ. ಪದ ಕಟ್ಟಿದವರ ಹಕ್ಕು ಅವರ ಜೀವಿತಾವಧಿ ಮತ್ತು ಆ ಮೇಲಿನ 60 ವರ್ಷ. ಜನಪದ ಎಂದು ಕರೆಯುವ ಎಷ್ಟೋ ಗೀಗೀ ಪದಗಳ ಕೊನೆಯಲ್ಲಿ ಕವಿಯ ಅಂಕಿತ ಇರುತ್ತದೆ. ಅದನ್ನು ಕೇಳಿ ನೋಡಿ; ಅಂಕಿತವಿದ್ದರೆ ಕಟ್ಟಿದವರು ಯಾರೆಂದು ಹುಡುಕಲು ದಾರಿ ಸಿಗುತ್ತದೆ.

ಇದಕ್ಕಿಂತ ಸುಲಭದ ದಾರಿ ನಿಮ್ಮ ಊರ ಸುತ್ತಲೇ ಇದೆ. ಈಗ ಹಾಡುತ್ತಿರುವ ಒಂದು ಮೇಳವನ್ನು ಕರೆಸಿ, ದಪ್ಪು, ತುಂತುಣಿಯೊಂದಿಗೆ ಹೊಸ ಪದವನ್ನೇ ಹಾಡಿಸಿ ಮುದ್ರಿಸಿಕೊಳ್ಳಿ. ಸಂಭಾವನೆ ಕೊಡಿ, ಒಪ್ಪಂದ ಬರೆಸಿ, ಪ್ರತಿ ವೇದಿಕೆಯಲ್ಲೂ ಅವರ ಹೆಸರು ಹಾಕಿ. ಒಪ್ಪಂದದಲ್ಲಿ ಅವಧಿ ಮತ್ತು ಪ್ರದೇಶ ಎರಡನ್ನೂ ಬರೆಯಲೇಬೇಕು. ಹಕ್ಕು ವರ್ಗಾವಣೆಯಲ್ಲಿ ಅವಧಿ ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷ ಎಂದು ಓದುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು. ಹಾಡು ದುಬೈಯಲ್ಲಿ ಕೇಳಿಸಿದರೆ ಆ ಕಾಗದ ನಿಮ್ಮ ಕೈಹಿಡಿಯುವುದಿಲ್ಲ.

ಲೀಸ್ ಪಡೆದ ನಾಲ್ಕು ಬೀಟ್‌ಗಳ ಕರಾರನ್ನು ಇವತ್ತೇ ಮತ್ತೊಮ್ಮೆ ಓದಿ: ಎಷ್ಟು ಸ್ಟ್ರೀಮ್‌ವರೆಗೆ, ಎಷ್ಟು ವರ್ಷ, ವಿಡಿಯೋಗೆ ಅವಕಾಶ ಇದೆಯೇ. ಅದೇ ಬೀಟನ್ನು ಬೇರೆಯವರಿಗೂ ಮಾರಿರುತ್ತಾರೆ. ಆದ್ದರಿಂದ ಆ ನಾಲ್ಕು ಹಾಡುಗಳಿಗೆ ಯೂಟ್ಯೂಬಿನ ಕಂಟೆಂಟ್ ಐಡಿ (ಹಾಡನ್ನು ತಾನಾಗಿ ಗುರುತಿಸಿ ಹಕ್ಕು ಹೇಳುವ ವ್ಯವಸ್ಥೆ) ಹಾಕಬೇಡಿ. ಹಾಕಿದರೆ ಅದೇ ಬೀಟಿನ ಮೇಲೆ ಹಾಡಿದ ಅಪರಿಚಿತರಿಗೆಲ್ಲ ನಿಮ್ಮ ಹೆಸರಲ್ಲಿ ಕ್ಲೇಮ್ ಹೋಗುತ್ತದೆ, ಜಗಳ ತಿರುಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ಪದ ಬರೆದ ಹುಡುಗ, ಸಾಹಿತ್ಯ-ಸಂಗೀತದ ರಾಯಧನ ಸಂಗ್ರಹಿಸಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯನಾಗಲಿ. ಡಿಸ್ಟ್ರಿಬ್ಯೂಟರ್ (ಹಾಡನ್ನು ವೇದಿಕೆಗಳಿಗೆ ತಲುಪಿಸುವ ಕಂಪನಿ) ಕೊಡುವುದು ಧ್ವನಿಮುದ್ರಣದ ಹಣ. ಸಾಹಿತ್ಯ, ಸಂಗೀತದ ರಾಯಧನ ಬೇರೆ ದಾರಿಯಲ್ಲಿ ಬರುತ್ತದೆ. 2012ರ ತಿದ್ದುಪಡಿ ಆ ಪಾಲನ್ನು ಬರೆದವರಿಗಾಗಿ ಕಾಪಾಡಿದೆ. ಮೊದಲ ಆಲ್ಬಂ ಮಾಡುವವರು ಇದನ್ನು ಬಿಟ್ಟುಬಿಡುವುದು ನೋಡಿದರೆ ನಿಜಕ್ಕೂ ಸಂಕಟವಾಗುತ್ತದೆ.

ಗುಮ್ಮಟದ ಮಾರ್ದನಿ

12 ಹಾಡು ಹೆಚ್ಚಾತ್ರೀ. ಲೀಸ್ ಬೀಟಿನ ನಾಲ್ಕು ತಗದು ಬದಿಗಿಡ್ರಿ, 8 ಉಳೀತಾವ, 30 ನಿಮಿಷದ ಆಸುಪಾಸು. ನ್ಯೂಯಾರ್ಕಿನ ನಾಸ್ 1994ರಾಗ ಬಿಟ್ಟ ಮೊದಲ ಆಲ್ಬಂ "ಇಲ್‌ಮ್ಯಾಟಿಕ್" ಇದ್ದದ್ದು 10 ಟ್ರ್ಯಾಕ್, 40 ನಿಮಿಷ. "ದಿ ಸೋರ್ಸ್" ಪತ್ರಿಕೆ ಪೂರಾ 5 ಮೈಕ್ (ಅದರ ಎಲ್ಲಾಕ್ಕಿಂತ ದೊಡ್ಡ ಅಂಕ) ಕೊಟ್ತು. ಆದ್ರ ಬಿಲ್‌ಬೋರ್ಡ್ 200 ಅನ್ನೋ ಅಮೆರಿಕದ ಆಲ್ಬಂ ಪಟ್ಟಿಯಾಗ 12ರ ಮ್ಯಾಲೆ ಏರಲಿಲ್ಲ, ಮಾರಾಟದ ಮನ್ನಣಿಯಾಗ ಗೋಲ್ಡ್ ಆಗಾಕ 1996 ಬಂತು, ಪ್ಲಾಟಿನಂ ಆಗಾಕ 2001. ವಿಮರ್ಶೆ ಒಂದು ಗಡಿಯಾರ, ಮಾರಾಟ ಇನ್ನೊಂದು. ಮೊದಲ ವಾರದ ಅಂಕಿ ನೋಡಿ ಆ ಹುಡುಗನ ಮುಂದ ಯಾರೂ ಮಾರಿ ಸಣ್ಣದು ಮಾಡಬ್ಯಾಡ್ರಿ.

ಬಿಡೋ ಕ್ರಮ: ಮೂರು ಸಿಂಗಲ್, ನಡುವ ನಾಲ್ಕೈದು ವಾರ, ಆಮೇಲೆ ಆಲ್ಬಂ. ಈಗ ಹೊರಗಿರೋ ಎರಡು ಹಾಡಿನ ಐಎಸ್‌ಆರ್‌ಸಿ ನಂಬರ (ಒಂದೊಂದು ಮುದ್ರಣಕ್ಕ ಕೊಡೋ ಗುರುತು) ಬರದಿಟ್ಕೊಳ್ರಿ, 12 ಅಕ್ಷರದ್ದು. ಆಲ್ಬಮ್ಮಿಗೆ ಅದ ಫೈಲ್ ಹೋಗೋದಿದ್ರ ಅದ ನಂಬರ ಹಾಕ್ರಿ, ಇಲ್ಲಂದ್ರ ಹಳೇ ಪ್ಲೇ ಎಣಿಕಿ ಹಾಡಿನ ಜೋಡಿ ಬರಂಗಿಲ್ಲ. ಹೊಸದಾಗಿ ಹಾಡಿಸಿ ಮಿಕ್ಸ್ ಮಾಡಿದ್ರ ಅದು ಹೊಸ ಮುದ್ರಣ, ಹೊಸ ನಂಬರ ಬೇಕು. ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್‌ನಾಗ ಪಿಚ್ ಮಾಡಾಕ (ಪ್ಲೇಲಿಸ್ಟಿಗೆ ಸೇರಸ್ರಿ ಅಂತ ಕೇಳಾಕ) ಹಾಡು ಇನ್ನೂ ಬಿಟ್ಟಿರಬಾರದು, ಕಡಿಮಿ ಅಂದ್ರ 7 ದಿನ ಮೊದಲು ಕಳಸ್ಬೇಕು. ಡಿಸ್ಟ್ರಿಬ್ಯೂಟರ್ ತಡಾ ಮಾಡೋದೂ ಇರ್ತೈತಿ, ಹಿಂಗಾಗಿ ನಾಲ್ಕು ವಾರ ಮೊದಲ ಫೈಲ್ ಏರಿಸ್ರಿ. ಮುಖಪುಟ 3000×3000 ಪಿಕ್ಸೆಲ್. ಭಾಷಿ ಅನ್ನೋ ಕಡಿ ಕನ್ನಡ ಅಂತನ ಆರಿಸ್ರಿ. ಇನ್ನ, ವರ್ಷಕ್ಕ 1,000 ಸ್ಟ್ರೀಮ್ ದಾಟದ ಹಾಡಿಗೆ ಸ್ಪಾಟಿಫೈ ಈಗ ರೊಕ್ಕ ಕೊಡಂಗಿಲ್ಲ. 12 ಹಾಡು ಹರಡೋದಕ್ಕಿಂತ 8 ಗಟ್ಟಿ ಮಾಡ್ರಿ ಅನ್ನಾಕ ಇದೂ ಒಂದು ಕಾರಣ.

ಸಾಹಿತ್ಯ ಮ್ಯೂಸಿಕ್ಸ್‌ಮ್ಯಾಚಿನಾಗ (ಹಾಡಿನ ಸಾಲು ತೋರಸೋ ತಾಣ) ಕನ್ನಡ ಲಿಪಿಯೊಳಗ, ನೀವು ಅಂದಂಗ ಬರದು ಹಾಕ್ರಿ. "ಹೊಕ್ಕಾನ" ಅನ್ನೋದನ್ನ "ಹೋಗುತ್ತಾನೆ" ಅಂತ ತಿದ್ದಬ್ಯಾಡ್ರಿ. ದಕ್ಷಿಣದ ಕೇಳುಗರಿಗೆ ಭಾಷಿ ಹತ್ತಿರ ಆಗೋದು ಕಣ್ಣಿಗೂ ಕಿವಿಗೂ ಒಂದ ಪದ ಬಿದ್ದಾಗ.

ಸ್ಪಂದನ ಅಳಿಯಾಕ ಯೂಟ್ಯೂಬ್ ಸ್ಟುಡಿಯೋದಾಗ ರಿಟೆನ್ಶನ್ ಗೆರಿ (ಎಷ್ಟು ಮಂದಿ ಎಲ್ಲೀತನಕ ಕೇಳಿದ್ರು ಅನ್ನೋದು) ನೋಡ್ರಿ. ಎಲ್ಲಿ ಕುಸೀತೈತಿ, ಆ ಸೆಕೆಂಡಿಗೆ ಯಾವ ಸಾಲು ಐತಿ? ಗೆರಿ ಮ್ಯಾಲೆ ಎದ್ದಲ್ಲಿ ಮಂದಿ ತಿರುಗಿಸಿ ತಿರುಗಿಸಿ ಕೇಳ್ಯಾರ ಅಂತ ಅರ್ಥ. ಆ ಸಾಲನ್ನ ರೀಲ್ಸಿಗೆ ಕತ್ತರಿಸ್ರಿ. ಊರಿನ ಪಟ್ಟಿಯಾಗ ಪುಣೆ, ಗೋವಾ ಕಂಡ್ರ ಅದು ದುಡಿಯಾಕ ಹೋದ ನಮ್ಮ ಮಂದಿ ಇರಬಹುದು. ಹಾಡಿನಾಗ ಊರಿನ ಹೆಸರು ಬಂದಲ್ಲಿ ಅವ್ರು ನಿಂತು ಕೇಳ್ತಾರೇನು ನೋಡ್ರಿ.

ಟಿಳಕವಾಡಿ ಫೇಡರ್

ಒಂದು ಬಿಟ್ಟಿದ್ದೆ. ನಮ್ಮ ಕಡಿ ಮಂದಿ ಕೇಳೋದು ಫೋನಿನ ಸ್ಪೀಕರಿನಾಗ, ಟ್ರ್ಯಾಕ್ಟರಿನಾಗ, ಗಣಪತಿ ಮೆರವಣಿಗಿ ಡಿಜೆಯಾಗ. ಫೋನಿಗೆ 50 ಹರ್ಟ್ಸ್ ಕೇಳಂಗೇ ಇಲ್ಲ. 808ಕ್ಕ (ಬೀಟಿನಾಗಿನ ಗುಂಯ್ ಅನ್ನೋ ಬಾಸಿಗೆ) ಸ್ವಲ್ಪ ಸ್ಯಾಚುರೇಶನ್ (ಹದವಾದ ಒಡಕು) ಕೊಟ್ರ 100, 150, 200ರಾಗ ಅದರ ನೆರಳು ಹುಟ್ಟಿ ಫೋನಿನಾಗೂ ಬಾಸ್ ಐತಿ ಅನಸ್ತೈತಿ. ಡಿಜೆ ಬಾಕ್ಸ್ ಬಹಳ ಕಡಿ ಮೋನೋದಾಗ ಓಡ್ತಾವ. ದನಿ ಅಗಲ ಮಾಡಾಕ ಸ್ಟೀರಿಯೋ ವೈಡ್ನರ್ ಹಾಕಿದ್ರ ಮೋನೋದಾಗ ದನಿ ತೆಳ್ಳಗ ಆಗಿ ಬೀಟ್ ಅಷ್ಟ ಉಳೀತೈತಿ. ವೈಡ್ನರ್ ಬಿಡ್ರಿ, ಡಬಲ್ಸ್ (ಅದ ಸಾಲಿನ ಜೋಡಿ ದನಿ) ಬೇಕಂದ್ರ ಬ್ಯಾರೆ ಟೇಕ್ ಹಾಡಿಸಿ ಎಡಕ್ಕ ಬಲಕ್ಕ ಹಾಕಿ ಮುಖ್ಯ ದನಿಗಿಂತ 8ರಿಂದ 10 ಡಿಬಿ ಕೆಳಗ ಇಡ್ರಿ. ಸಾಲಿನ ಕಡೀ ಪದಕ್ಕ ಮಾತ್ರ ಡಬಲ್ ಕೊಟ್ರ ಲಾವಣಿ ಲೆಕ್ಕದವ್ರು ಹೇಳಿದ ಕ್ರಿಯಾಪದಾನೂ ಉಳೀತೈತಿ.

ಮಾಸ್ಟರ್ ಮಾಡೋಕಿಂತ ಮೊದಲು ಮೋನೋ ಬಟನ್ ಒತ್ತಿ, ವಾಲ್ಯೂಮ್ ಪಿಸುಮಾತಿನಷ್ಟು ಇಳಿಸಿ, ಸಾಹಿತ್ಯ ಓದದ ಒಬ್ಬರನ್ನ ಕುಂದರಿಸಿ ಕೇಳಿದ್ದು ಕೇಳಿದಂಗ ಬರಸ್ರಿ. ಅವ್ರು ಖಾಲಿ ಬಿಟ್ಟ ಸಾಲು ತಿರುಗಿ ಹಾಡಸ್ರಿ.

ಕೃಷ್ಣಾತೀರ

ಎಲ್ಲಾರಿಗೂ ಶರಣ್ರೀ. ಕ್ಯಾಸೆಟ್ ತಗದೀವಿ, ಮೇಳದವ್ರನ್ನ ಕೇಳಾಕ ಹೊಂಟೀವಿ. 8 ಹಾಡು, 14 ಮಾತ್ರಿ ಲೆಕ್ಕದಾಗ ತಿದ್ದಿದ ಸಾಲು ಕೌದಿ ಕಟ್ಟಿ ಹೊಸದಾಗಿ ಹಾಡಸ್ತೀವಿ. ಮೋನೋದಾಗ ಕೇಳಿ ಬರದ ಹಾಳಿ ಇಲ್ಲೇ ಹಾಕ್ತೀನಿ, ಖಾಲಿ ಉಳಿದ ಜಾಗಾ ನೋಡಿ ಹೇಳ್ರಿ.