ಆರ್ಮಾ 1889: ಪೈಪ್ ಬಿಚ್ಚಿದರೂ ಬ್ರೇಕ್ ಯಾಕೆ ಬೀಳಲಿಲ್ಲ?

ಹಳಿಪ್ರಿಯ:
1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾದಲ್ಲಿ ಆದ ಅಪಘಾತದ ಬಗ್ಗೆ ಒಂದು ಸಂದೇಹ. ವಾರನ್‌ಪಾಯಿಂಟ್ ಕಡಲತೀರಕ್ಕೆ ಹೊರಟಿದ್ದ ಸಂಡೇ ಸ್ಕೂಲ್ ಮಕ್ಕಳ ಪ್ರವಾಸದ ಗಾಡಿ ಏರು ಹತ್ತಲಾಗದೆ ನಿಂತಿತು. ಅದನ್ನು ಎರಡು ಭಾಗ ಮಾಡಿದರು; ಹಿಂದಿನ 10 ಬೋಗಿ ಹಿಮ್ಮುಖವಾಗಿ ಉರುಳಿದವು. ಗಾಡಿಗೆ ವ್ಯಾಕ್ಯೂಮ್ ಬ್ರೇಕ್ (ಬೋಗಿಗಳುದ್ದಕ್ಕೂ ಹಾಯುವ ಪೈಪಿನಲ್ಲಿನ ನಿರ್ವಾತದಿಂದ ಕೆಲಸ ಮಾಡುವ ಬ್ರೇಕ್) ಇತ್ತು. ಹಾಗಾದರೆ ಪೈಪ್ ಬಿಚ್ಚಿದ ಕೂಡಲೇ ಅದು ತಾನಾಗಿ ಹಿಡಿಯಬೇಕಿತ್ತಲ್ಲವೇ?

ಮೀಟರ್‌ಗೇಜ್:
ನೀವು ಹೇಳುತ್ತಿರುವುದು ಆಟೊಮ್ಯಾಟಿಕ್ ವ್ಯಾಕ್ಯೂಮ್. ಅಲ್ಲಿದ್ದದ್ದು ಸಿಂಪಲ್ ವ್ಯಾಕ್ಯೂಮ್, ಅದರ ಕೆಲಸ ಪೂರ್ತಿ ಉಲ್ಟಾ. ಆಟೊಮ್ಯಾಟಿಕ್‌ನಲ್ಲಿ ಓಡುವಾಗ ಪೈಪಿನಲ್ಲಿ ನಿರ್ವಾತ. ಗಾಳಿ ನುಗ್ಗಿದರೆ ಬ್ರೇಕ್ ಬೀಳುತ್ತದೆ. ಸಿಂಪಲ್‌ನಲ್ಲಿ ಡ್ರೈವರ್ ಎಂಜಿನ್ನಿನ ಎಜೆಕ್ಟರ್‌ನಿಂದ (ಪೈಪಿನ ಗಾಳಿ ಹೀರುವ ಸಾಧನ) ಗಾಳಿ ಎಳೆದರೆ ಮಾತ್ರ ಬ್ರೇಕ್. ಗಾಡಿ ಬಿಡಿಸಲು ಬೋಗಿಗಳ ನಡುವಿನ ಪೈಪ್ ಬಿಚ್ಚಿದ ಕ್ಷಣವೇ ಹತ್ತೂ ಬೋಗಿಗಳ ಬ್ರೇಕ್ ಬಿಟ್ಟುಕೊಂಡಿತು. ಉಳಿದದ್ದು ಕಟ್ಟಕಡೆಯ ವ್ಯಾನಿನ ಕೈಬ್ರೇಕ್ ಒಂದೇ, ಅದೂ 75ಕ್ಕೆ 1ರ (75 ಅಡಿ ಸಾಗಿದರೆ 1 ಅಡಿ ಎತ್ತರ) ಏರಿನಲ್ಲಿ, ಜನ ಕಿಕ್ಕಿರಿದ ಗಾಡಿಗೆ.

ಬ್ರೇಕ್‌ವ್ಯಾನ್:
ಕಲ್ಲಿನ ವಿಷಯವನ್ನೂ ಸೇರಿಸಬೇಕು. ಚಕ್ರಗಳ ಹಿಂದೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಮುಂಭಾಗದ ಐದು ಬೋಗಿಗಳನ್ನು ಎಳೆದುಕೊಂಡು ಹೊರಡುವ ಮುನ್ನ ಎಂಜಿನ್ ಒಂದೂವರೆ ಅಡಿಯಷ್ಟು ಹಿಂದಕ್ಕೆ ಸರಿಯಿತು. ಆ ತಟ್ಟುವಿಕೆಗೆ ಕಲ್ಲು ಪುಡಿಯಾಯಿತು. ಕಪ್ಲಿಂಗ್‌ಗಳಲ್ಲಿ (ಬೋಗಿಗಳನ್ನು ಜೋಡಿಸುವ ಕೊಂಡಿಗಳು) ಸಡಿಲು ಇದ್ದುದರಿಂದ ವ್ಯಾನಿನ ಮುಂದಿದ್ದ ಬೋಗಿಗಳು ಒಂದರ ಮೇಲೊಂದು ಒತ್ತುತ್ತಾ ವ್ಯಾನನ್ನು ತಳ್ಳಿದವು. ನಿಂತ ತೂಕವನ್ನು ಹಿಡಿದಿಟ್ಟಿದ್ದ ಕೈಬ್ರೇಕಿಗೆ ಚಲಿಸತೊಡಗಿದ ತೂಕವನ್ನು ತಡೆಯಲಾಗಲಿಲ್ಲ. ಟಿಕೆಟ್ ಇಲ್ಲದವರು ಹತ್ತಬಾರದೆಂದು ಬಾಗಿಲುಗಳಿಗೆ ಬೀಗ ಹಾಕಿದ್ದರು, ಒಳಗಿದ್ದ ಮಕ್ಕಳು ಇಳಿಯುವಂತಿರಲಿಲ್ಲ. ಸುಮಾರು ಒಂದೂವರೆ ಮೈಲಿ ಉರುಳಿ, ಗಂಟೆಗೆ 40 ಮೈಲಿ ವೇಗ ಪಡೆದು, ಹಿಂದಿನಿಂದ ಬರುತ್ತಿದ್ದ ಗಾಡಿಗೆ ಬಡಿದವು. ಸತ್ತವರು 80 ಮಂದಿ.

ಹಳಿಪ್ರಿಯ:
ಈಗ ಅರ್ಥವಾಯಿತು. ಆದರೆ ಮುಂದಿನ ಗಾಡಿ ಏರಿನಲ್ಲೇ ಇರುವಾಗ ಇನ್ನೊಂದನ್ನು ಬಿಟ್ಟದ್ದು ಹೇಗೆ?

ಮೀಟರ್‌ಗೇಜ್:
ಆ ಸೆಕ್ಷನ್‌ನಲ್ಲಿ ನಡೆಯುತ್ತಿದ್ದದ್ದು ಗಡಿಯಾರದ ಲೆಕ್ಕ. ಇಷ್ಟು ನಿಮಿಷ ಕಳೆದರೆ ಇನ್ನೊಂದು ಗಾಡಿ ಬಿಡಬಹುದು. ಮೊದಲಿನದು ಅತ್ತ ತಲುಪಿತೇ ಎಂದು ಕೇಳಬೇಕಿರಲಿಲ್ಲ. ಹಿಂದೆ ಬರುತ್ತಿದ್ದ ಗಾಡಿಯ ಡ್ರೈವರ್ ಉರುಳಿ ಬರುವ ಬೋಗಿಗಳನ್ನು ಕಂಡು ವೇಗವನ್ನು ಬಹಳ ತಗ್ಗಿಸಿದ್ದ. ಆದರೆ ಡಿಕ್ಕಿಯಲ್ಲಿ ಅವನ ಗಾಡಿಯೂ ತುಂಡಾಗಿ, ಅದರ ಬೋಗಿಗಳೂ ಆರ್ಮಾದತ್ತ ಉರುಳತೊಡಗಿದವು. ಅದೇ ಸಿಂಪಲ್ ವ್ಯಾಕ್ಯೂಮ್, ಅದೇ ದೋಷ. ಪುಣ್ಯಕ್ಕೆ ಅವು ಕೈಬ್ರೇಕಿಗೆ ನಿಂತವು. ಅದೇ ವರ್ಷದ ರೈಲ್ವೆ ಕಾಯ್ದೆಯಿಂದ ಬ್ರಿಟನ್, ಐರ್ಲೆಂಡಿನ ಪ್ರಯಾಣಿಕ ಗಾಡಿಗಳಿಗೆ ತಾನಾಗಿ ಬೀಳುವ ಬ್ರೇಕ್, ಬ್ಲಾಕ್ ಪದ್ಧತಿ (ಒಂದು ಸೆಕ್ಷನ್‌ನಲ್ಲಿ ಒಮ್ಮೆಗೆ ಒಂದೇ ಗಾಡಿ), ಪಾಯಿಂಟ್–ಸಿಗ್ನಲ್ ಇಂಟರ್‌ಲಾಕಿಂಗ್ (ಹಳಿ ಬದಲಿಸುವ ಪಾಯಿಂಟ್ ಮತ್ತು ಸಿಗ್ನಲ್ ಒಂದಕ್ಕೊಂದು ವಿರುದ್ಧವಾಗದಂತೆ ಬೆಸೆಯುವುದು) ಮೂರನ್ನೂ ಕಡ್ಡಾಯ ಮಾಡಲಾಯಿತು.

ಬ್ರೇಕ್‌ವ್ಯಾನ್:
ನನ್ನ ಮಟ್ಟಿಗೆ ದೊಡ್ಡ ತಪ್ಪು ಗಾಡಿ ಬಿಡಿಸಲು ಹೊರಟದ್ದೇ. ಕಪ್ಲಿಂಗ್ ಮುಟ್ಟದೆ ಇದ್ದಿದ್ದರೆ ಎಂಜಿನ್ನಿನ ಬ್ರೇಕ್ ಇಡೀ ಗಾಡಿಯನ್ನು ಹಿಡಿದಿರುತ್ತಿತ್ತು. ಗಾರ್ಡ್ ಕೆಂಪು ಬಾವುಟ ಹಿಡಿದು ಹಿಂದಕ್ಕೆ ನಡೆದು ಹಿಂದೆ ಬರುತ್ತಿದ್ದ ಗಾಡಿಯನ್ನು ನಿಲ್ಲಿಸಿ, ಅದರ ಎಂಜಿನ್ನಿಂದಲೇ ನಿಧಾನಕ್ಕೆ ತಳ್ಳಿಸಬಹುದಿತ್ತು. ಏರಿನ ನೆತ್ತಿ ಅಲ್ಲಿಂದ ಕೆಲವೇ ನೂರು ಗಜ.