ಆ ಕಲ್ಲಿನ ಕಡಲಿಗೆ ಮಕ್ಕಳ ಜೊತೆ ಹೋಗುವ ವಿಷಯ

ತಂಗೀ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ಈಗ ನೋಡಿದೆ ಆಯ್ತಾ. ದೀಪಾವಳಿ ರಜೆಗೆ ಬೆಂಗಳೂರಿಂದ ಬರ್ತೇವೆ, ದೊಡ್ಡವಳಿಗೆ ಏಳು, ಚಿಕ್ಕವನಿಗೆ ಮೂರು, ಬೇಕಲ ನೋಡಿ ಆಗಿದೆ, ಜನ ಇಲ್ಲದ ಆ ಕಲ್ಲಿನ ಕಡಲಿಗೆ ಕರ್ಕೊಂಡು ಹೋಗಬಹುದಾ ಅಂತ ಕೇಳಿದ್ದಿ. ಅದರ ಕೆಳಗೆ ಮಾವ "ಅಲ್ಲಿ ಎಂತ ಉಂಟು ಮಾರಾಯ್ತಿ, ಬರೀ ಕಲ್ಲು" ಅಂತ ಹಾಕಿದ್ದಾರೆ. ನನಗೆ ಟೈಪ್ ಮಾಡ್ಲಿಕ್ಕೆ ಉದಾಸೀನ. ಬಾಯಲ್ಲಿ ಹೇಳಿದ್ದನ್ನೇ ಫೋನು ಬರ್ಕೊಳ್ತಾ ಉಂಟು, ಉದ್ದ ಆದ್ರೆ ಯಾರೂ ಬೈಬೇಡಿ.

ಮಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಅಲ್ಲಿ ಅಂಗಡಿ ಇಲ್ಲ, ಟಾಯ್ಲೆಟ್ ಇಲ್ಲ, ಕೂತುಕೊಳ್ಳಲಿಕ್ಕೆ ಬೆಂಚಿಲ್ಲ, ಸೀಟಿ ಊದುವ ಲೈಫ್‌ಗಾರ್ಡ್ ಇಲ್ಲ. ರೈಲ್ವೆ ಗೇಟು ದಾಟಿ ತೆಂಗಿನ ತೋಟದ ನಡುವಿನ ಮಣ್ಣಿನ ದಾರಿ, ಮತ್ತೆ ಕಡಲು. ಕುಂಬಳೆಯಿಂದ ಮಂಜೇಶ್ವರದವರೆಗೆ ನಮ್ಮ ಕಾಸರಗೋಡಿನ ಕಡೆ ಹೆಚ್ಚಾಗಿ ಮರಳಿನ ದಡವೇ. ಹೊಳೆ ಕಡಲಿಗೆ ಸೇರುವ ಈ ಅಳಿವೆಯ ಬದಿಯಲ್ಲಿ ಮಾತ್ರ ಸ್ವಲ್ಪ ದೂರಕ್ಕೆ ಉರುಟು ಕಲ್ಲು ಬಿದ್ದುಕೊಂಡಿದೆ. ನನ್ನ ಮಾತು ಕೇಳುವುದಾದ್ರೆ ಧಾರಾಳ ಹೋಗಿ. ಆದ್ರೆ ನೀರಾಟಕ್ಕೆ ಅಂತ ಹೋಗಬೇಡಿ, ಕಲ್ಲಾಟಕ್ಕೆ ಅಂತ ಹೋಗಿ. ಇದನ್ನು ಕಾರಿನಲ್ಲೇ ಮಕ್ಕಳಿಗೆ ಹೇಳಿಬಿಡು. ಅಲ್ಲಿ ಇಳಿದ ಮೇಲೆ ಹೇಳಿದ್ರೆ ಮೂರು ವರ್ಷದವನ ಕಿವಿಗೆ ಹೋಗುವುದಿಲ್ಲ, ತೆರೆಯ ಸದ್ದೇ ಅಷ್ಟು ಇರ್ತದೆ.

ಯಾಕೆ ಅಂತ ಕೇಳಿದ್ರೆ, ಮರಳಿನ ಕಡಲಲ್ಲಿ ತೆರೆ ದೂರದಲ್ಲೇ ಒಡೆದು, ನೊರೆಯಾಗಿ ನಿಧಾನ ಹತ್ತಿ ಬರ್ತದೆ. ಮಕ್ಕಳು ಅದರ ಜೊತೆ ಓಡಿ ಆಡಬಹುದು. ಕಲ್ಲಿನ ದಡದಲ್ಲಿ ಮೇಲೆ ಹತ್ತಿದ ನೀರು ಕಲ್ಲಿನ ಸಂದಿಯಲ್ಲೇ ಇಳಿದು ಹೋಗ್ತದೆ, ಹಿಂದೆ ಹೋಗುವಾಗ ಕಲ್ಲನ್ನು ಎಳೆದುಕೊಂಡು ಹೋಗುವಷ್ಟು ನೀರು ಉಳಿಯುವುದಿಲ್ಲ. ಹಾಗಾಗಿ ಕಲ್ಲು ಮೇಲಿಂದ ಮೇಲೆ ರಾಶಿ ಬಿದ್ದು ದಡ ಕಡಿದಾಗ್ತದೆ. ಅಲ್ಲಿ ಎರಡು ಹೆಜ್ಜೆ ಆಚೆಗೇ ಆಳ. ತೆರೆ ಬುಡಕ್ಕೇ ಬಂದು ಮುಗುಚಿ ಬೀಳ್ತದೆ. ನಿನ್ನ ಮೊಣಕಾಲಿಗೆ ಬರುವ ನೀರು ಚಿಕ್ಕವನಿಗೆ ಸೊಂಟಮಟ್ಟ, ಕಾಲಡಿಯ ಕಲ್ಲು ಉರುಳಿದ್ರೆ ದೊಡ್ಡವರಿಗೇ ನಿಲ್ಲಲಿಕ್ಕೆ ಆಗುವುದಿಲ್ಲ. ಅಳಿವೆಯ ಕಡೆ ನೀರು ಸಮತಟ್ಟಾಗಿ, ತೆರೆ ಒಡೆಯದೆ ಪಾಪದ ಹಾಗೆ ಕಾಣ್ತದೆ ನೋಡು, ಹೊರಗೆ ಎಳೆಯುವ ಸೆಳೆತ ಇರುವುದೇ ಅಲ್ಲಿ. ಆ ಬದಿಗೆ ಹೋಗಲೇ ಬೇಡಿ.

ಮತ್ತೆ ಆಕಾಶ ಸ್ವಚ್ಛ, ಗಾಳಿ ಇಲ್ಲ ಅಂತ ಧೈರ್ಯ ಮಾಡಬೇಡಿ. ದಕ್ಷಿಣದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಉಬ್ಬು ಅಲೆ ಕೆಲವು ದಿನ ಬಿಟ್ಟು ಇಲ್ಲಿಗೆ ಮುಟ್ಟುತ್ತದೆ. ಕೇರಳದಲ್ಲಿ ಕಳ್ಳಕ್ಕಡಲ್ ಅಂತ ಎಚ್ಚರಿಕೆ ಕೊಡುವುದು ಇದಕ್ಕೇ. ಮಳೆಗಾಲದ ಮುಂಚೆ ಏಪ್ರಿಲ್, ಮೇ ತಿಂಗಳಲ್ಲಿ ಜಾಸ್ತಿ, ಆದ್ರೆ ಬೇರೆ ಸಮಯ ಬರುವುದೇ ಇಲ್ಲ ಅಂತಲ್ಲ. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಸರಕಾರಿ ಕೇಂದ್ರ ಇನ್‌ಕೋಯ್ಸ್‌ನವರು ಮೊದಲೇ ಹೇಳ್ತಾರೆ, ಪೇಪರಿನಲ್ಲೂ ಬರ್ತದೆ. ಎಚ್ಚರಿಕೆ ಇದ್ದ ದಿನ ಹೋಗುವುದು ಬೇಡ, ಅಷ್ಟೇ. ಅದರಲ್ಲಿ ಚರ್ಚೆ ಇಲ್ಲ.

ಹೊತ್ತಿನ ವಿಷಯ. ನೀವೆಲ್ಲ ಕಡಲು ಅಂದ್ರೆ ಸಂಜೆ, ಸೂರ್ಯಾಸ್ತ, ಫೋಟೋ ಅಂತ ಅಂದಾಜು ಹಾಕಿರ್ತೀರಿ. ಚಿಕ್ಕ ಮಕ್ಕಳಿದ್ರೆ ಬೆಳಿಗ್ಗೆಯೇ ಒಳ್ಳೆಯದು. ನಮ್ಮ ಕಡಲು ಪಶ್ಚಿಮಕ್ಕೆ, ಬಿಸಿಲು ತೋಟದ ಹಿಂದಿನಿಂದ ಏಳ್ತದೆ. ಒಂಬತ್ತರವರೆಗೂ ತೆಂಗಿನ ಮರದ ನೆರಳು ಕಲ್ಲಿನ ಮೇಲೆ ಉದ್ದಕ್ಕೆ ಬಿದ್ದಿರ್ತದೆ. ಮಧ್ಯಾಹ್ನ ಮೇಲೆ ಬಿಸಿಲು ನೇರ ಮುಖಕ್ಕೆ, ಕಲ್ಲು ಕಾದು ಕೂರಲಿಕ್ಕೂ ಆಗುವುದಿಲ್ಲ. ಮೇಲಿಂದ ಇದು ತುಲಾ ಮಾಸದ ಮಳೆಯ ಸಮಯ. ಮಧ್ಯಾಹ್ನ ಕಳೆದ ಮೇಲೆ ಗುಡ್ಡದ ಕಡೆಯಿಂದ ಕಪ್ಪು ಮೋಡ ಏರಿ, ಸಿಡಿಲು ಮಿಂಚು ಶುರುವಾದ್ರೆ ಆ ಬಯಲಿನಲ್ಲಿ ಎಲ್ಲಿಗೆ ಓಡುವುದು? ಏಳಕ್ಕೆ ಹೋಗಿ, ಒಂಬತ್ತೂವರೆಗೆ ವಾಪಸ್. ಇಳಿತದ ಹೊತ್ತನ್ನು ಮಾತ್ರ ಫೋನಿನಲ್ಲಿ ನೋಡ್ಕೋ. ಒಂದು ದಿನಕ್ಕಿಂತ ಮರುದಿನ ಸುಮಾರು ಐವತ್ತು ನಿಮಿಷ ತಡ ಆಗ್ತದೆ, ನಿನ್ನೆ ನೋಡಿದ್ದು ಇವತ್ತಿಗೆ ಲೆಕ್ಕ ಇಲ್ಲ.

ದೀಪಾವಳಿಗೆ ಬರುವುದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯ್ತು. ಮಳೆಗಾಲದ ತೆರೆ ಮರಳನ್ನೆಲ್ಲ ಎಳೆದು ಒಯ್ದಿರ್ತದೆ, ಕಲ್ಲು ಪೂರ್ತಿ ಎದ್ದು ಕಾಣುವುದು ಆಗಲೇ. ಆಮೇಲೆ ಕಡಲಿನ ಅಬ್ಬರ ಇಳಿದ ಹಾಗೆ ಮರಳು ಸ್ವಲ್ಪ ಸ್ವಲ್ಪವೇ ಮೇಲೆ ಬಂದು ಅರ್ಧಕ್ಕರ್ಧ ಕಲ್ಲು ಮುಚ್ಚಿ ಹೋಗ್ತದೆ. ಮಾವ ಫೆಬ್ರವರಿಯಲ್ಲಿ ನೋಡಿದ್ದಿರಬೇಕು, ಅದಕ್ಕೇ ಉಮೇದಿಲ್ಲ.

ಇನ್ನು ಕಲ್ಲು. ಕೆಂಪಗೆ, ತೂತು ತೂತಾಗಿ ಇರುವುದು ಮುರಕಲ್ಲು. ನಮ್ಮ ತರವಾಡು ಮನೆಯ ಗೋಡೆಯೂ ಅದೇ, ಬೇಕಲದ ಕೋಟೆಯೂ ಅದೇ. ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು. 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಎಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದನ್ನೇ ನೋಡಿ ಬೆರಗಾಗಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದು. ದೊಡ್ಡವಳಿಗೆ ಇದನ್ನು ಹೇಳು, ಅವಳಿಗೆ ಇಂಥದ್ದು ಖುಷಿ. ಕಪ್ಪಗೆ ನುಣುಪಾಗಿ ಭಾರ ಇರುವ ಕಲ್ಲು ಬೇರೆ. ಕೆಂಪಗಿದ್ದು ತೂತಿಲ್ಲದೆ, ಬಿಸ್ಕತ್ತಿನ ಹಾಗೆ ಚಪ್ಪಟೆಯಾಗಿ ಅಂಚು ಸವೆದದ್ದು ಸಿಕ್ಕಿದ್ರೆ ಅದು ಕಲ್ಲೇ ಅಲ್ಲ, ಹಂಚಿನ ಚೂರು. ಬಾಸೆಲ್ ಮಿಶನಿನವರು 19ನೇ ಶತಮಾನದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಹಂಚು ಈ ಕರಾವಳಿಯ ಮನೆ ಮನೆಗೆ ಬಂತಲ್ಲ, ಒಡೆದದ್ದು ಹೊಳೆಗೆ, ಹೊಳೆಯಿಂದ ಕಡಲಿಗೆ. ಒಂದೊಂದರಲ್ಲಿ ಹಂಚಿನ ಗೀರು ಈಗಲೂ ಬೆರಳಿಗೆ ಸಿಗ್ತದೆ.

ಬೆಳ್ಳಗೆ, ಹಾಲು ಗಟ್ಟಿಯಾದಂಥ ಬಣ್ಣದ್ದು ಬೆಣಚುಕಲ್ಲು. ಅದರಲ್ಲಿ ಮುಷ್ಟಿಗೆ ಹಿಡಿಯುವಂಥ ಎರಡು ಮನೆಗೆ ತನ್ನಿ. ರಾತ್ರಿ ಲೈಟೆಲ್ಲ ಆರಿಸಿ, ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಒಂದಕ್ಕೊಂದು ಜೋರಾಗಿ ಉಜ್ಜಬೇಕು. ಉಜ್ಜಿದ ಜಾಗದಲ್ಲಿ ಕಲ್ಲಿನ ಒಳಗೇ ಬೆಳಕು ಮಿನುಗ್ತದೆ, ಮೂಗಿನ ಹತ್ತಿರ ಹಿಡಿದ್ರೆ ಸುಟ್ಟ ವಾಸನೆ. ಪಟಾಕಿಗೆ ಹೆದರುವ ಮಕ್ಕಳಿಗೆ ದೀಪಾವಳಿಗೆ ಇದು ಸಾಕು. ಇದಕ್ಕಿಂತ ಜಾಸ್ತಿ ಕಲ್ಲು ಚೀಲ ತುಂಬಿಸ್ಕೊಂಡು ಬರಬೇಡಿ, ಬೆಂಗಳೂರಿನ ಬಾಲ್ಕನಿಯಲ್ಲಿ ಅದಕ್ಕೆ ಎಂತ ಕೆಲಸ?

ಆಟ ಹೇಳಿಕೊಡ್ತೇನೆ ಕೇಳು. ಕಲ್ಲಿನ ರಾಶಿ ಮುಗಿದು ಒದ್ದೆ ಮರಳು ಸಿಗುವಲ್ಲಿ, ತೆರೆ ಮುಟ್ಟದಷ್ಟು ಮೇಲೆ, ಎರಡು ಸಾಲು ಏಳೇಳು ಗುಳಿ ತೋಡಿ. ಚಿಕ್ಕವನ ಹಿಮ್ಮಡಿ ಒತ್ತಿದ್ರೆ ಸಾಕು, ಗುಳಿ ಸರಿಯಾದ ಅಳತೆಗೆ ಬರ್ತದೆ, ಅವನಿಗೂ ಒಂದು ಕೆಲಸ ಆಯ್ತು. ಗುಳಿಗೆ ನಾಲ್ಕರ ಹಾಗೆ ಐವತ್ತಾರು ಸಣ್ಣ ಕಲ್ಲು ಹೆಕ್ಕಿ ಹಾಕಿದ್ರೆ ಚೆನ್ನೆಮಣೆ ರೆಡಿ. ಮಣೆಗೆ ಹಾಕುವ ಮಂಜೊಟ್ಟಿ ಕಾಯಿ ಹುಡುಕಿಕೊಂಡು ಹೋಗುವ ಬಂಗ ಇಲ್ಲ. ಒಂದು ಗುಳಿಯದ್ದು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಡುತ್ತಾ ಹೋಗುವಾಗ ಏಳು ವರ್ಷದವಳು ಬಾಯಲ್ಲೇ ಲೆಕ್ಕ ಮಾಡ್ತಾಳೆ, ನೀನು ಬೇರೆ ಟ್ಯೂಷನ್ ಕೊಡುವುದು ಬೇಡ. ಮಳೆಗಾಲದ ಆಟಿ ತಿಂಗಳು ಬಿಟ್ಟು ಬೇರೆ ಸಮಯ ಚೆನ್ನೆ ಆಡಬಾರದು ಅಂತ ದೊಡ್ಡಮ್ಮ ಹೇಳಿಯಾರು. ಮರದ ಮಣೆ ಅಟ್ಟದಲ್ಲೇ ಉಂಟು, ನಾವು ತೆಗೆಯಲಿಲ್ಲ ಅಂತ ಹೇಳು!

ಚಿಕ್ಕವನ ಬಗ್ಗೆ ಒಂದೇ ಹೆದರಿಕೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅವನ ಮುಷ್ಟಿಗಿಂತ ಸಣ್ಣ ಕಲ್ಲು ಅವನ ಕೈಯಲ್ಲಿ ಇರಬಾರದು, ಚೆನ್ನೆಯ ಕಲ್ಲು ಅಕ್ಕನ ಚಾರ್ಜು. ಕಾಲಿಗೆ ಹಿಂದೆ ಪಟ್ಟಿ ಇರುವ ಹಳೆ ಸ್ಯಾಂಡಲ್ಲೇ ಹಾಕಿಸು. ಹವಾಯಿ ಚಪ್ಪಲಿ ಕಲ್ಲಿನ ಸಂದಿಗೆ ಸಿಕ್ಕಿ ಅಲ್ಲೇ ಉಳಿಯುತ್ತದೆ. ಬರಿಗಾಲು ಬೇಡವೇ ಬೇಡ. ಬಲೆ ಬಿಡಿಸುವವರು ತೇಡೆ ಮೀನನ್ನು ದಡದಲ್ಲೇ ಎಸೆದಿರ್ತಾರೆ, ಒಣಗಿದ್ರೂ ಅದರ ಮುಳ್ಳು ಚುಚ್ಚಿದ್ರೆ ದೊಡ್ಡವರೂ ಅಳಬೇಕು. ಲೋಳೆಯಂಥದ್ದು ಬಿದ್ದಿದ್ರೆ ಕಡ್ಡಿಯಲ್ಲೂ ಮುಟ್ಟಬೇಡಿ, ಸತ್ತ ಜೆಲ್ಲಿ ಮೀನೂ ಉರಿಸ್ತದೆ. ತಡೆಗೋಡೆಗೆ ಹಾಕಿದ ದೊಡ್ಡ ಕರಿಕಲ್ಲಿನ ಮೇಲೆ ಹತ್ತಲಿಕ್ಕೆ ಬಿಡಬೇಡ, ಪಾಚಿ ಜಾರ್ತದೆ, ಸಂದಿಯಲ್ಲಿ ಹಾವಿರಬಹುದು.

ದಡದಿಂದ ರಂಪಣಿ ಬಲೆ ಎಳೆಯುವವರು ಇದ್ರೆ ಹಗ್ಗ ದಾಟಬೇಡಿ, ಬದಿಯಲ್ಲಿ ನಿಂತು ನೋಡಿ. ಅವರಲ್ಲಿ ಮಾತಾಡಿಸಿದ್ರೆ ಚೆಂದ ಮಾತಾಡ್ತಾರೆ, ತುಳು, ಮಲಯಾಳ, ಕನ್ನಡ ಯಾವುದಾದ್ರೂ ಆದೀತು. ಇವತ್ತು ಕಡಲು ಹೇಗುಂಟು ಅಂತ ಮೊದಲು ಅವರಲ್ಲೇ ಕೇಳುವುದು ಒಳ್ಳೆಯದು. ಬೇಡ ಅಂದ್ರೆ ಮಾತಿಲ್ಲದೆ ವಾಪಸ್ ಬನ್ನಿ.

ಲೊಕೇಶನ್ ನಿನಗೆ ಬೇರೆಯೇ ಕಳಿಸ್ತೇನೆ, ಗ್ರೂಪಿನಲ್ಲಿ ಹಾಕುವುದಿಲ್ಲ. ಹಾಕಿದ್ರೆ ನಾಳೆ ಅದು ಹತ್ತು ಗ್ರೂಪಿಗೆ ಹೋಗಿ, ನಾಡಿದ್ದು ಯಾರೋ ರೀಲ್ಸ್ ಮಾಡಿ, ಮತ್ತೆ ಅಲ್ಲಿ ಚಿಪ್ಸಿನ ಪ್ಯಾಕೆಟ್ಟು ಹೆಕ್ಕುವ ಕೆಲಸ ನಮಗೆ. ಮಾವನಿಗೆ ಬೆಂಚು, ಚಾ, ಟಾಯ್ಲೆಟ್ ಬೇಕಾದ್ರೆ ಬೇಕಲ ಉಂಟು, ಸಂಜೆ ಅವರನ್ನು ಅಲ್ಲಿಗೆ ಕರ್ಕೊಂಡು ಹೋಗುವ, ನನಗೇನೂ ಬೇಜಾರಿಲ್ಲ.

ಬರುವಾಗ ಮೊದಲು ನಮ್ಮ ಮನೆಗೆ ಬನ್ನಿ, ಮಕ್ಕಳ ಒಂದು ಎರಡು ಎಲ್ಲ ಇಲ್ಲೇ ಮುಗಿಸಿ ಹೊರಡುವ. ಕಾಲು ತೊಳೆಯಲಿಕ್ಕೆ ಎರಡು ದೊಡ್ಡ ಬಾಟ್ಲಿ ನೀರು, ಒಂದೊಂದು ಜೊತೆ ಬಟ್ಟೆ, ಅವಲಕ್ಕಿ ಕಟ್ಟಿಕೊಡ್ತೇನೆ. ವಾಪಸ್ ಬರುವಾಗ ಬನ್ಸ್ ಕಾಯಿಸಿ ಇಡ್ತೇನೆ. ಹಿಟ್ಟು ಹಿಂದಿನ ರಾತ್ರಿಯೇ ಕಲಸಬೇಕು ಮಾರಾಯ್ತಿ, ಹಾಗಾಗಿ ಎಷ್ಟು ಜನ, ಯಾವ ದಿನ ಅಂತ ಮುಂಚೆ ಹೇಳು. ಮಾವ ಬರ್ತಾರಾ ಇಲ್ವಾ ಅಂತ ಅವರೇ ಹೇಳಲಿ.