ಎಂಎಂಓಆರ್‌ಪಿಜಿಗಳಲ್ಲಿ ಹೊಸತನ ನಿಂತೇ ಹೋಯಿತೇ?

ಮಂಜುಮುಸುಕು (ಪ್ರಶ್ನೆ)

ಎಂಎಂಓಆರ್‌ಪಿಜಿ ಅಂದರೆ ಸಾವಿರಾರು ಜನ ಒಂದೇ ಪ್ರಪಂಚದಲ್ಲಿ ಸೇರಿ ಆಡುವ ಆನ್‌ಲೈನ್ ಪಾತ್ರಾಭಿನಯದ ಆಟ. ತಲೆ ಮೇಲೆ ಹಳದಿ ಆಶ್ಚರ್ಯಸೂಚಕ ಹೊತ್ತು ನಿಂತ ಊರವನು. ಹತ್ತು ಹಂದಿ ಹೊಡೆದು ಬಾ ಎನ್ನುವ ಕ್ವೆಸ್ಟ್. ಲೆವೆಲ್ ಮುಗಿದರೆ ಸಣ್ಣ ಗುಂಪಿನ ಡಂಜನ್, ಡಂಜನ್ ಮುಗಿದರೆ ದೊಡ್ಡ ಗುಂಪಿನ ರೇಡ್. ಪೆಟ್ಟು ತಿನ್ನುವ ಟ್ಯಾಂಕ್, ಗಾಯ ಮಾಯಿಸುವ ಹೀಲರ್, ಹೊಡೆಯುವ ಡ್ಯಾಮೇಜ್ ಎಂಬ ಮೂರು ಪಾಲು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದದ್ದು 2004ರ ನವೆಂಬರಿನಲ್ಲಿ. ಇಪ್ಪತ್ತು ವರ್ಷ ದಾಟಿದರೂ ದೊಡ್ಡ ಬಜೆಟ್ಟಿನ ಆಟಗಳು ಬಹುಪಾಲು ಅದೇ ಅಚ್ಚಿನಲ್ಲಿ ಎರಕವಾಗುತ್ತಿವೆ.

ಅದಕ್ಕೂ ಹಿಂದಿನ ಏಳೆಂಟು ವರ್ಷ ನೋಡಿ, ಒಂದರ ಹಾಗೆ ಇನ್ನೊಂದಿಲ್ಲ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಮನೆ ಕಟ್ಟಿ ವ್ಯಾಪಾರ ಮಾಡಿಕೊಂಡೇ ಇರಬಹುದಿತ್ತು. 2001ರ ಡಾರ್ಕ್ ಏಜ್ ಆಫ್ ಕ್ಯಾಮಲಾಟ್‌ನಲ್ಲಿ ಮೂರು ರಾಜ್ಯಗಳ ನಡುವೆ ಮುಗಿಯದ ಯುದ್ಧ. 2003ರ ಎ ಟೇಲ್ ಇನ್ ದ ಡೆಸರ್ಟ್‌ನಲ್ಲಿ ಹೊಡೆದಾಟವೇ ಇಲ್ಲ, ಕಾನೂನನ್ನು ಆಟಗಾರರೇ ಮತ ಹಾಕಿ ಮಾಡುತ್ತಿದ್ದರು.

"ಕಂಪನಿಗಳಿಗೆ ದುಡ್ಡೇ ಮುಖ್ಯ" ಅನ್ನುವ ಒಂದು ಸಾಲಿನ ಉತ್ತರ ಬೇಡ, ಅದು ಎಲ್ಲರಿಗೂ ಗೊತ್ತು. ಹೊಸದನ್ನು ಮಾಡಹೊರಟವರು ನಿಜವಾಗಿ ಎಲ್ಲಿ ಎಡವುತ್ತಾರೆ? ತಾಂತ್ರಿಕ ಗೋಡೆಯೋ, ವಿನ್ಯಾಸದ ಸೋಲೋ, ಆಟಗಾರರೇ ಕಾರಣವೋ?

ಟಿಕ್‌ರೇಟ್

ಗೋಡೆ ಇದೆ. ಅದರ ಹೆಸರು ವರ್ಗದ (ಸ್ಕ್ವೇರ್) ಲೆಕ್ಕ. ಒಂದು ಜಾಗದಲ್ಲಿ 100 ಜನ ಸೇರಿದರೆ ಪ್ರತಿಯೊಬ್ಬರ ಚಲನೆಯನ್ನು ಉಳಿದ ಎಲ್ಲರಿಗೂ ತಿಳಿಸಬೇಕು. ಅಂದರೆ ಸುಮಾರು 10,000 ಸಂದೇಶ. ಸೆಕೆಂಡಿಗೆ 10 ಸಲ, ಸಂದೇಶಕ್ಕೆ 40 ಬೈಟ್ ಎಂದುಕೊಂಡರೆ ಸೆಕೆಂಡಿಗೆ 4 ಎಂಬಿ ಹೊರಹೋಗುತ್ತದೆ. ಅದೇ ಜಾಗಕ್ಕೆ 500 ಜನ ಬಂದರೆ 20 ಎಂಬಿ ಆಗುವುದಿಲ್ಲ, 100 ಎಂಬಿ ಆಗುತ್ತದೆ. ಜನ ಐದು ಪಟ್ಟು, ಹೊರೆ ಇಪ್ಪತ್ತೈದು ಪಟ್ಟು.

ಇದಕ್ಕೆ ಮದ್ದು ಹಳೆಯದೇ: ಹತ್ತಿರದವರ ಸುದ್ದಿ ಬೇಗ, ದೂರದವರದ್ದು ನಿಧಾನ. ಹತ್ತಿರದ 20 ಜನರದ್ದು ಸೆಕೆಂಡಿಗೆ 10 ಸಲ, ಮುಂದಿನ 80 ಜನರದ್ದು 2 ಸಲ, ಉಳಿದ 400 ಜನರದ್ದು ಎರಡು ಸೆಕೆಂಡಿಗೊಮ್ಮೆ. ಒಬ್ಬ ಆಟಗಾರನಿಗೆ ಸೆಕೆಂಡಿಗೆ 5,000 ಇದ್ದ ಸಂದೇಶ 560ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ದೂರದ ಬಿಲ್ಲುಗಾರ ನಿಮ್ಮ ಪರದೆಯಲ್ಲಿ ನಿಂತ ಜಾಗದಲ್ಲಿ ನಿಜಕ್ಕೂ ಇಲ್ಲ. ಬಾಣ ಎಲ್ಲಿಂದ ಬಂತೆಂದು ತಿಳಿಯುವ ಮೊದಲೇ ಸತ್ತಿರುತ್ತೀರಿ.

ಬ್ಯಾಂಡ್‌ವಿಡ್ತ್ ಹೇಗಾದರೂ ಹೊಂದಿಸಬಹುದು, ಕೆಡುವುದು ಮಂತ್ರಗಳ ಲೆಕ್ಕದಲ್ಲಿ. ಒಂದು ಬೆಂಕಿಮಳೆ 100 ಜನರಿಗೆ ತಗುಲಿತು, ಪ್ರತಿಯೊಬ್ಬರ ಕವಚದಿಂದ ಮೂರು ಪ್ರತಿಪರಿಣಾಮ ಹುಟ್ಟಿತು ಅನ್ನಿ. 300 ಘಟನೆ, ನೋಡುವವರು 100 ಜನ, 30,000 ಸಂದೇಶ. ಒಂದೇ ಗುಂಡಿ ಒತ್ತಿದ್ದಕ್ಕೆ! ಈ ಘಟನೆಗಳು ಒಂದರ ಮೇಲೊಂದು ಅವಲಂಬಿಸಿರುವುದರಿಂದ ಹತ್ತು ಪ್ರೊಸೆಸರ್ ಕೋರ್‌ಗಳಿಗೆ ಸುಲಭವಾಗಿ ಹಂಚಲೂ ಆಗುವುದಿಲ್ಲ.

ಬಾಹ್ಯಾಕಾಶ ಹಡಗುಗಳ ಆಟ ಈವ್ ಆನ್‌ಲೈನ್ ಈ ಗೋಡೆಯನ್ನು ಒಡೆಯಲಿಲ್ಲ, ಸುತ್ತು ಹಾಕಿ ದಾಟಿತು. ಹೊರೆ ಹೆಚ್ಚಾದಾಗ ಆ ನಕ್ಷತ್ರಮಂಡಲದ ಕಾಲವನ್ನೇ ನಿಧಾನ ಮಾಡುತ್ತದೆ, ಗರಿಷ್ಠ ಎಂದರೆ 10%ಕ್ಕೆ. ಆಟದ ಒಂದು ನಿಮಿಷಕ್ಕೆ ಹೊರಗೆ ಹತ್ತು ನಿಮಿಷ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಎಂಬಲ್ಲಿ ನಡೆದ ಕದನ ಸುಮಾರು 21 ಗಂಟೆ ಎಳೆದದ್ದಕ್ಕೆ ಇದೂ ಕಾರಣ. 75 ಟೈಟನ್ (ಅತಿ ದೊಡ್ಡ) ಹಡಗು ಹೋದವು. ಹಡಗಿಗೆ ಆದೇಶ ಕೊಟ್ಟು ಕಾಯುವ ಆಟವಾದ್ದರಿಂದ ಅಲ್ಲಿ ಇದು ನಡೆಯುತ್ತದೆ. ಕತ್ತಿ ಬೀಸುವ ಆಟದಲ್ಲಿ ಕಾಲವನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಯಾರೂ ಕೂರುವುದಿಲ್ಲ.

ಗುರಿ ಆರಿಸಿ ಗುಂಡಿ ಒತ್ತುವ ಹೊಡೆದಾಟ ಇನ್ನೂ ಯಾಕೆ ಸಾಯಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ವಾರ್‌ಕ್ರಾಫ್ಟ್‌ನಲ್ಲಿ ಎರಡು ಹೊಡೆತಗಳ ನಡುವಿನ ಮೂಲ ಅಂತರ 1.5 ಸೆಕೆಂಡ್, ಫೈನಲ್ ಫ್ಯಾಂಟಸಿ 14ರಲ್ಲಿ 2.5 ಸೆಕೆಂಡ್. ಅದರ ಮೇಲೆ ವಾರ್‌ಕ್ರಾಫ್ಟ್ ಮುಂದಿನ ಹೊಡೆತವನ್ನು 400 ಮಿಲಿಸೆಕೆಂಡ್ ಮೊದಲೇ ಸಾಲಿನಲ್ಲಿ ಇರಿಸಲು ಬಿಡುತ್ತದೆ. 150 ಮಿಲಿಸೆಕೆಂಡ್ ಪಿಂಗ್ (ಸರ್ವರ್‌ಗೆ ಹೋಗಿಬರುವ ಸಮಯ) ಇದರಲ್ಲಿ ಕರಗಿಹೋಗುತ್ತದೆ. ಅದೇ 200 ಮಿಲಿಸೆಕೆಂಡಿನೊಳಗೆ ಗುರಾಣಿ ಎತ್ತಬೇಕಾದ ಆಟದಲ್ಲಿ ಮುಕ್ಕಾಲು ಪಾಲು ಪಿಂಗೇ ನುಂಗಿತು. ಹಳೆಯ ಪದ್ಧತಿಯನ್ನು ಸೋಮಾರಿತನ ಅನ್ನುತ್ತಾರಲ್ಲ, ಅರ್ಧ ಅದು ದೂರದ ಸರ್ವರ್‌ಗೆ ಹಾಕಿದ ಲೆಕ್ಕ.

ಕುಲುಮೆ

ಟಿಕ್‌ರೇಟ್ ಅವರ ಲೆಕ್ಕ ಸರಿ. ಆದರೆ ನಾಳೆ ಬೆಳಗ್ಗೆ ಸರ್ವರ್ ಸಮಸ್ಯೆ ಪೂರ್ತಿ ಬಗೆಹರಿದರೂ ಅಚ್ಚು ಬದಲಾಗುವುದಿಲ್ಲ. ಹೊಸ ವಿಚಾರಗಳನ್ನು ಆಟಗಾರರು ತಿಂದು ತೇಗುವ ವೇಗ ಅಂಥದ್ದು.

ಅಲ್ಟಿಮಾ ಆನ್‌ಲೈನ್‌ಗೆ ವಿನ್ಯಾಸಕ ರಾಫ್ ಕಾಸ್ಟರ್ ಮತ್ತು ತಂಡ ಒಂದು ಜೀವಜಾಲವನ್ನೇ ರೂಪಿಸಿತ್ತು. ಹುಲ್ಲು ಬೆಳೆಯಬೇಕು, ಮೊಲ ಹುಲ್ಲು ತಿನ್ನಬೇಕು, ತೋಳ ಮೊಲ ಹಿಡಿಯಬೇಕು, ಮೊಲ ಕಡಿಮೆಯಾದರೆ ತೋಳ ಬೇರೆ ಕಡೆ ಹೋಗಬೇಕು. ಆಟಗಾರರು ಒಳಗೆ ಬಂದದ್ದೇ ತಡ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೊಂದರು. ಸರಪಳಿ ಕಟ್ಟಿಕೊಳ್ಳಲು ಸಮಯವೇ ಸಿಗಲಿಲ್ಲ, ಕೊನೆಗೆ ಅದನ್ನು ತೆಗೆದುಹಾಕಿದರು. ಕೊಲ್ಲುವುದಕ್ಕೆ ಪ್ರತಿಫಲ ತಕ್ಷಣ ಸಿಗುತ್ತದೆ, ಕಾಡು ಉಳಿಸುವುದಕ್ಕೆ ಏನೂ ಸಿಗುವುದಿಲ್ಲ. ಆಗ ಬೇರೇನು ಆಗಲು ಸಾಧ್ಯ?

2012ರಲ್ಲಿ ಗಿಲ್ಡ್ ವಾರ್ಸ್ 2 ಕ್ವೆಸ್ಟ್ ಕೊಡುವವನನ್ನೇ ಬಹುಮಟ್ಟಿಗೆ ಕೈಬಿಟ್ಟಿತು. ಶತ್ರುಗಳು ಹಳ್ಳಿ ಹಿಡಿಯುತ್ತಾರೆ, ಓಡಿಸಿದರೆ ಮುಂದಿನ ಘಟನೆ, ಸೋತರೆ ಬೇರೆ ಘಟನೆ. ಒಳ್ಳೆಯ ಯೋಚನೆ, ಈಗಲೂ ಚೆನ್ನಾಗಿಯೇ ಓಡುತ್ತಿದೆ. ಆದರೆ ಘಟನೆಗಳು ಸುತ್ತು ಸುತ್ತಾಗಿ ಮರಳಿ ಬರುತ್ತವೆ ಅನ್ನುವುದು ಗೊತ್ತಾದ ಮೇಲೆ ಜನ ವೇಳಾಪಟ್ಟಿ ಬರೆದಿಟ್ಟುಕೊಂಡರು. ಕ್ವೀನ್ಸ್‌ಡೇಲ್ ಎಂಬ ಆರಂಭದ ಪ್ರದೇಶದಲ್ಲಿ ಚಾಂಪಿಯನ್ ಎಂಬ ಬಲಿಷ್ಠ ಶತ್ರುಗಳನ್ನು ಒಂದಾದ ಮೇಲೊಂದು ಕೊಲ್ಲುತ್ತ ಸುತ್ತುವ "ರೈಲು" ಹುಟ್ಟಿಕೊಂಡಿತು. ಹೊಸಬನೊಬ್ಬ ಸರದಿ ತಪ್ಪಿಸಿ ಕೊಂದರೆ ಬೈಗುಳ! ನಿಮಿಷಕ್ಕೆ ಎಷ್ಟು ಲಾಭ ಎಂಬ ಅಳತೆಯೊಂದನ್ನು ಆಟಗಾರರ ಕೈಗೆ ಕೊಟ್ಟರೆ ಎಂಥ ಜೀವಂತ ಪ್ರಪಂಚವೂ ಕಾರ್ಖಾನೆಯ ಪಟ್ಟಿಯಾಗುತ್ತದೆ.

ಇನ್ನು ಬದಲಾಯಿಸುವುದು. ಒಂಟಿಯಾಗಿ ಆಡುವ ಗೇಮಿನಲ್ಲಿ ಎರಡನೇ ಭಾಗ ಪೂರ್ತಿ ಬೇರೆಯಾಗಿರಬಹುದು. ಇಲ್ಲಿ ಜನರು ಸಾವಿರ ಗಂಟೆ ಸುರಿದಿರುತ್ತಾರೆ. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ 2005ರ ನವೆಂಬರಿನಲ್ಲಿ 34 ವೃತ್ತಿಗಳನ್ನು ತೆಗೆದು 9 ಮಾಡಿತು. ವರ್ಷಗಟ್ಟಲೆ ಪಳಗಿದ ಕುಶಲಕರ್ಮಿಯ ಕೈ ಒಂದು ಪ್ಯಾಚಿನಲ್ಲಿ ಬರಿದಾಯಿತು. ಹೊಸಬರು ಅಂದುಕೊಂಡಷ್ಟು ಬರಲಿಲ್ಲ, ಹಳಬರು ಎದ್ದು ಹೋದರು, 2011ರ ಡಿಸೆಂಬರಿನಲ್ಲಿ ಮುಚ್ಚಿತು. ಅಲ್ಲಿಂದ ಮುಂದೆ ಎಲ್ಲ ತಂಡಗಳೂ ಬೆಂಕಿ ಕಂಡ ಬೆಕ್ಕಿನಂತೆ ನಡೆದುಕೊಂಡವು ಅಂದರೆ ಅತಿಶಯೋಕ್ತಿಯಲ್ಲ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 2007ರ ಬ್ಯಾಕಪ್ಪನ್ನೇ 2013ರಲ್ಲಿ ಎತ್ತಿ ತಂದು, ಹೊಸದೇನೇ ಸೇರಿಸಬೇಕಾದರೂ ಆಟಗಾರರ ಮತಕ್ಕೆ ಹಾಕಿತು, 75% ಒಪ್ಪಬೇಕು ಎಂದು.

ಎರಡನೇಬಾಗಿಲು

ನೀವಿಬ್ಬರೂ ಹೊಸತನ ನಿಂತಿದೆ ಎಂದು ಒಪ್ಪಿಕೊಂಡೇ ಮಾತು ಶುರುಮಾಡಿದ್ದೀರಿ. ನಾನು ಒಪ್ಪುವುದಿಲ್ಲ. ಹೊಸತನ ಬಂದಿದೆ, ಆದರೆ ಪ್ರಪಂಚದ ಒಳಗಲ್ಲ, ಬಾಗಿಲಲ್ಲಿ. ಜನರನ್ನು ಒಟ್ಟು ಸೇರಿಸುವ ಕೆಲಸದಲ್ಲಿ.

ಸಿಟಿ ಆಫ್ ಹೀರೋಸ್ 2004ರಲ್ಲೇ ಕಡಿಮೆ ಲೆವೆಲ್ಲಿನ ಗೆಳೆಯನನ್ನು ಸೈಡ್‌ಕಿಕ್ ಮಾಡಿ ತನ್ನ ಮಟ್ಟಕ್ಕೆ ಎತ್ತಿಕೊಳ್ಳುವ ವ್ಯವಸ್ಥೆ ತಂದಿತು. ವಾರ್‌ಹ್ಯಾಮರ್ ಆನ್‌ಲೈನ್ 2008ರಲ್ಲಿ ಪಬ್ಲಿಕ್ ಕ್ವೆಸ್ಟ್ ತಂದಿತು: ಗುಂಪು ಸೇರದೆ, ಕೇಳದೆ, ಅಲ್ಲಿ ಹೋದರೆ ಸಾಕು, ನೀವೂ ಪಾಲುದಾರರು. ವಾರ್‌ಕ್ರಾಫ್ಟ್ 2009ರ ಡಿಸೆಂಬರಿನಲ್ಲಿ ಬೇರೆ ಬೇರೆ ಸರ್ವರ್‌ಗಳ ಐವರನ್ನು ತಾನೇ ಜೋಡಿಸಿ ಡಂಜನ್ನಿಗೆ ಕಳಿಸತೊಡಗಿತು. ಫೈನಲ್ ಫ್ಯಾಂಟಸಿ 14 2019ರಲ್ಲಿ ಇನ್ನೂ ಮುಂದೆ ಹೋಗಿ ಉಳಿದ ಮೂವರ ಜಾಗಕ್ಕೆ ಕಥೆಯ ಪಾತ್ರಗಳನ್ನೇ ಕೂರಿಸಿತು.

ಇವೆಲ್ಲ ನಿಜವಾದ ಸಮಸ್ಯೆ ಬಗೆಹರಿಸಿವೆ. ಟ್ಯಾಂಕ್ ಸಿಗದೆ ಊರ ಚಾಟಿನಲ್ಲಿ ಒಂದು ಗಂಟೆ ಕೂಗುವುದು ತಪ್ಪಿತು. ಬದಲಿಗೆ ಹೋದದ್ದೇನು? ಡಂಜನ್ನಿನ ಬಾಗಿಲವರೆಗೆ ನಡೆಯುವ ದಾರಿ, ಕೆಟ್ಟದಾಗಿ ಆಡಿದರೆ ಸರ್ವರಿನಲ್ಲಿ ಹಾಳಾಗುತ್ತಿದ್ದ ಹೆಸರು. ಲೂಟ್ ಕದ್ದವನು ಮತ್ತೆ ಎಂದೂ ಎದುರಾಗುವುದಿಲ್ಲ, ಹಾಗಾಗಿ ಕದಿಯಲು ಅಂಜಿಕೆಯೂ ಇಲ್ಲ. ವಾರ್‌ಕ್ರಾಫ್ಟ್‌ನ 2008ರ ಫೇಸಿಂಗ್ ತಂತ್ರವೂ ಹೀಗೆಯೇ. ಕ್ವೆಸ್ಟ್ ಮುಗಿಸಿದವನಿಗೆ ಊರು ಬದಲಾಗಿ ಕಾಣುತ್ತದೆ, ಮುಗಿಸದವನಿಗೆ ಹಳೆಯದೇ. ಪಕ್ಕದಲ್ಲೇ ನಿಂತ ಗೆಳೆಯ ಮಾತ್ರ ಕಾಣುವುದಿಲ್ಲ! ಒಂದೊಂದೂ ಒಳ್ಳೆಯ ಹೆಜ್ಜೆ, ಒಟ್ಟಾಗಿ ಪ್ರಪಂಚವನ್ನು ಬರೀ ಕಾಯುವ ಕೊಠಡಿ ಮಾಡಿದವು.

ಪ್ರಪಂಚದ ಒಳಗಿನ ಪ್ರಯೋಗ ಬೇಕೆಂದರೆ ಫಾಕ್ಸ್‌ಹೋಲ್ ನೋಡಿ. ವಾರಗಟ್ಟಲೆ ನಡೆಯುವ ಒಂದೇ ಯುದ್ಧ. ಮುಂಚೂಣಿಯಲ್ಲಿ ಹಾರುವ ಗುಂಡನ್ನೂ ಯಾರೋ ಆಟಗಾರ ಕಚ್ಚಾ ಸಾಮಗ್ರಿ ತೆಗೆದು, ಕಾರ್ಖಾನೆಯಲ್ಲಿ ಮಾಡಿ, ಲಾರಿಯಲ್ಲಿ ಹೊತ್ತು ತಂದಿರುತ್ತಾನೆ. ಲಾರಿ ಬರಲಿಲ್ಲವೆಂದರೆ ಬಂದೂಕು ಖಾಲಿ. ಅದನ್ನು ಎಂಎಂಓಆರ್‌ಪಿಜಿ ಅನ್ನಬೇಕೋ ಬೇಡವೋ ಎಂದು ಜಗಳ ಮಾಡುತ್ತ ಕೂತರೆ, ಹೌದು, ಈ ಪ್ರಕಾರದಲ್ಲಿ ಹೊಸದೇನೂ ಕಾಣುವುದಿಲ್ಲ.

ಮಂಜುಮುಸುಕು

ಮೂವರಿಗೂ ಧನ್ಯವಾದ. ಹಾಗಾದರೆ ಒಂದು ಉಪಯೋಗದ ಪ್ರಶ್ನೆ: ಹೊಸ ಆಟ ಬೀಟಾದಲ್ಲಿ (ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ) ಇದ್ದಾಗ "ಜೀವಂತ ಪ್ರಪಂಚ" ಎಂದು ಕೂಗುತ್ತಾರಲ್ಲ, ನಿಜವೋ ಬಣ್ಣವೋ ಎಂದು ಕಂಡುಹಿಡಿಯುವುದು ಹೇಗೆ? ಟ್ರೈಲರ್ ನೋಡಿ ಏನೂ ಗೊತ್ತಾಗುವುದಿಲ್ಲ.

ಕುಲುಮೆ

ಮೊದಲು ಸಂತೆಗೆ ಹೋಗಿ, ಹೊಡೆದಾಟ ಆಮೇಲೆ. ಮಾಡಿದ ಕತ್ತಿ ಸವೆದು ಕೊನೆಗೆ ಪೂರ್ತಿ ಹಾಳಾಗುತ್ತದೆಯೋ, ಇಲ್ಲ ಸ್ವಲ್ಪ ಚಿನ್ನ ಕೊಟ್ಟರೆ ಹೊಸದಾಗುತ್ತದೆಯೋ ನೋಡಿ. ಪದೇಪದೇ ಹೊಸದಾಗುವುದಾದರೆ ಮೂರು ತಿಂಗಳಲ್ಲಿ ಎಲ್ಲರ ಬಳಿಯೂ ಕತ್ತಿ ಇರುತ್ತದೆ, ಕಮ್ಮಾರನಿಗೆ ಕೆಲಸ ಇರುವುದಿಲ್ಲ, ಗಣಿಗೂ ಅರ್ಥ ಇರುವುದಿಲ್ಲ. ಈವ್ ಆರ್ಥಿಕತೆ ಎರಡು ದಶಕ ನಿಂತಿರುವುದಕ್ಕೆ ಮುಖ್ಯ ಕಾರಣ ಅಲ್ಲಿ ಹಡಗು ಸ್ಫೋಟಿಸಿದರೆ ಹೋಯಿತು ಅಷ್ಟೇ. ಹಣ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಇಂಗುತ್ತದೆ ಎಂದು ಅವರು ತಿಂಗಳ ವರದಿಯನ್ನೇ ಹೊರಡಿಸುತ್ತಾರೆ.

ಆಮೇಲೆ ಎರಡು ವಾರ ಒಳಗೆ ಹೋಗಬೇಡಿ. ಮರಳಿದಾಗ ಬೇರೆ ಆಟಗಾರರು ಮಾಡಿದ್ದರಿಂದ ಏನಾದರೂ ಬದಲಾಗಿದೆಯೇ? ಕೋಟೆ ಕೈ ಬದಲಾಗಿ ತೆರಿಗೆ ಏರಿದೆಯೇ, ರಸ್ತೆ ಮುಚ್ಚಿದೆಯೇ? ಬಾವುಟದ ಬಣ್ಣ ಮಾತ್ರ ಬದಲಾಗಿದ್ದರೆ ಅದು ಅಂಕಪಟ್ಟಿ.

ಟಿಕ್‌ರೇಟ್

ತಾಂತ್ರಿಕ ಕಡೆಯಿಂದ ಒಂದು. ಬೀಟಾದಲ್ಲಿ ಜನ ತುಂಬಿದ ಹೊತ್ತಿನಲ್ಲಿ ಎರಡು ಪ್ರದೇಶಗಳ ಗಡಿ ದಾಟುತ್ತ ಗೆಳೆಯನಿಗೆ ವಸ್ತು ಕೊಡಿ, ಬಹಳ ಆಟಗಳು ಬಿರಿಯುವುದು ಅಲ್ಲೇ. ಕೆಡುವುದು ಹೀಗೆ: ಸರ್ವರ್ ಪ್ರತಿ ಪಾತ್ರವನ್ನೂ ಕೆಲವು ನಿಮಿಷಕ್ಕೊಮ್ಮೆ ಬೇರೆ ಬೇರೆಯಾಗಿ ಡೇಟಾಬೇಸಿಗೆ ಬರೆಯುತ್ತದೆ ಎಂದುಕೊಳ್ಳಿ. ಕತ್ತಿ ಪಡೆದವನ ದಾಖಲೆ ಬರೆದಾಯಿತು, ಕೊಟ್ಟವನದ್ದು ಬರೆಯುವ ಮೊದಲೇ ಅವನಿದ್ದ ಸರ್ವರ್ ಬಿತ್ತು. ಮರಳಿ ಎದ್ದಾಗ ಅವನ ಚೀಲದಲ್ಲೂ ಕತ್ತಿ. ಆಮೇಲೆ ಬೇಕೆಂದೇ ಸರ್ವರ್ ಬೀಳಿಸುವವರು ಹುಟ್ಟುತ್ತಾರೆ. ಪರಿಹಾರ: ಕೊಡುವುದು, ಪಡೆಯುವುದು ಎರಡೂ ಒಂದೇ ವಹಿವಾಟಿನಲ್ಲಿ ಬರೆಯಬೇಕು, ಆಗುವುದಾದರೆ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು, ಪ್ರತಿ ವಸ್ತುವಿಗೂ ಬೇರೆಯದೇ ಗುರುತಿನ ಸಂಖ್ಯೆ ಇರಬೇಕು. ಬಿಡುಗಡೆಯಾದ ಮೇಲೆ ಇದನ್ನು ಸೇರಿಸುವುದು ನಡೆಯುವ ಬಂಡಿಗೆ ಅಚ್ಚು ಬದಲಾಯಿಸಿದ ಹಾಗೆ. ಬೇರೆ ಬಗೆಯ ದೋಷವಾದರೂ, ನ್ಯೂ ವರ್ಲ್ಡ್‌ನಲ್ಲಿ 2021ರ ನವೆಂಬರಿನಲ್ಲಿ ಚಿನ್ನ ನಕಲಾಗತೊಡಗಿದಾಗ ಆಟಗಾರರ ನಡುವಿನ ಕೊಡುಕೊಳ್ಳುವಿಕೆಯನ್ನೇ ಕೆಲಕಾಲ ಪೂರ್ತಿ ನಿಲ್ಲಿಸಬೇಕಾಯಿತು.

ಗಡಿಯೇ ಇಲ್ಲದ ಒಂದೇ ದೊಡ್ಡ ಪ್ರಪಂಚ ಎಂದು ಯಾರಾದರೂ ಹೇಳಿದರೆ ಗಡಿಗಳು ಮಾಯವಾಗಿಲ್ಲ, ಕಣ್ಣಿಗೆ ಕಾಣದ ಹಾಗೆ ಎಲ್ಲ ಕಡೆ ಹರಡಿವೆ ಎಂದು ತಿಳಿಯಿರಿ.

ಎರಡನೇಬಾಗಿಲು

ಕುಲುಮೆಯವರಿಗೆ ಸಣ್ಣ ತಿದ್ದುಪಡಿ: ರೂನ್‌ಸ್ಕೇಪ್ ಮತದ ಮಿತಿ ಈಗ 75% ಅಲ್ಲ, 2022ರಲ್ಲಿ 70%ಕ್ಕೆ ಇಳಿಸಿದರು. ಮತ ಹಾಕುವವರೂ ಹೊಸದನ್ನು ಅಷ್ಟು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ ಅನ್ನಿ.